ಬೀಜಧನ ಸಮಿತಿಯವರು ಸವಿದ ಕೆಂಪು ಬಾಳೆಯ ವಿಚಾರ

ನಮ್ಮ ವಿಶ್ವವಿದ್ಯಾಲಯದ ಅಂತರ್‌ಶಿಸ್ತೀಯ ಸಂಶೋಧನಾ ಬೀಜಧನ ಸಮಿತಿಯ ಸಂಚಾಲಕರ ಸನ್ನಿಧಿಗೆ,

ಮಾನ್ಯರೇ,

ಕಲಬುರಗಿಯ ಈ ಬಿಸಿಲಿನಲ್ಲೂ ತಮ್ಮ ಕೋಣೆಯ ಏ.ಸಿ. ಕ್ಷೇಮವಾಗಿದೆಯೆಂದೂ, ಅದರ ಕೃಪೆಯಿಂದ ತಾವೂ ಕ್ಷೇಮವಾಗಿದ್ದೀರೆಂದೂ ನಂಬಿ, ಸಸ್ಯಶಾಸ್ತ್ರ ವಿಭಾಗದ ಸಹಪ್ರಾಧ್ಯಾಪಕಿ ಪಂಚಶೀಲಾ ಎಂಬ ನಾನು ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಬರೆದ ಹಿಂದಿನ ಪತ್ರಗಳು ತಮ್ಮ ಮೇಜಿನ ಮೇಲೆ ಸುಖವಾಗಿ ನಿದ್ರಿಸುತ್ತಿರುವುದರಿಂದ ಅವುಗಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಮೊದಲಿಗೆ ಕೃತಜ್ಞತೆ. ಬೇರೆ ಬೇರೆ ವಿಜ್ಞಾನ ವಿಭಾಗಗಳ ಇಬ್ಬರು ಕೂಡಿ ದುಡಿದರೆ ಮಾತ್ರ ಸಂಶೋಧನೆ ಶುರುಮಾಡಲು ಹಣ ಕೊಡುತ್ತೇವೆಂದು ತಾವು ಪ್ರಕಟಿಸದೇ ಹೋಗಿದ್ದರೆ, ಎದುರುಬದುರು ಕಟ್ಟಡಗಳಲ್ಲಿ ವರ್ಷಗಟ್ಟಲೆ ಪಾಠ ಹೇಳಿಕೊಂಡಿದ್ದ ನಾನೂ ಭೌತಶಾಸ್ತ್ರದ ಆನಂದತೀರ್ಥರೂ ಒಬ್ಬರಿಗೊಬ್ಬರು ನಮಸ್ಕಾರ ಹೇಳುವುದಕ್ಕಿಂತ ಮುಂದೆ ಹೋಗುತ್ತಲೇ ಇರಲಿಲ್ಲ. ಅವರಂತೂ ಈ ಬೇಸಿಗೆ ಕಳೆದರೆ ನಿವೃತ್ತರು. ಐವಾನ್-ಎ-ಶಾಹಿ ಬಡಾವಣೆಯ ಮನೆಯಿಂದ ಸೈಕಲ್ ತುಳಿದುಕೊಂಡು ಬರುವ, ಬೆಳಕಿನ ಹೊರತು ಬೇರೆ ಯಾವುದರ ಬಗ್ಗೆಯೂ ಮಾತೇ ಆಡದ ಅವರನ್ನು ಬಾಳೆಯ ತೋಟಕ್ಕೆ ಕಳಿಸಿದ ಪುಣ್ಯ ಸಂಪೂರ್ಣವಾಗಿ ತಮ್ಮದು.

ತೋಟ ನನ್ನ ಸೋದರತ್ತೆ ಸಾಬಮ್ಮನದು, ಕಮಲಾಪುರದಲ್ಲಿ. ಅಲ್ಲಿಯ ಕೆಂಪು ಬಾಳೆಯ ರುಚಿ ತಾವು ಬಲ್ಲಿರಿ. ಎಷ್ಟು ಚೆನ್ನಾಗಿ ಬಲ್ಲಿರೆಂಬುದಕ್ಕೆ ಆಮೇಲೆ ಬರುತ್ತೇನೆ. ಈ ಬಾಳೆಯ ತೊಂದರೆಯೆಂದರೆ ಕಾಯಿದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಹಳದಿ ಬಾಳೆಯಂತೆ ದೂರದಿಂದಲೇ ಗುರುತು ಹೇಳುವ ಸೌಜನ್ಯ ಅದಕ್ಕಿಲ್ಲ. ಆದ್ದರಿಂದ ಜಗತ್ ವೃತ್ತದ ಬಳಿ ಹಣ್ಣಿನ ಅಂಗಡಿ ಇಟ್ಟಿರುವ ಮಜರ್ ಎಂಬ ವ್ಯಾಪಾರಿ ತೋಟಕ್ಕೆ ಬಂದಾಗ ಪ್ರತಿಯೊಂದು ಗೊನೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಒತ್ತಿದಲ್ಲಿ ಕಪ್ಪು ಕಲೆ ಬೀಳುತ್ತದೆ. ಮರುಗಳಿಗೆಯೇ ಆ ಕಲೆಯನ್ನು ತಾವೇ ಕಂಡುಹಿಡಿದವರಂತೆ ತೋರಿಸಿ ಬೆಲೆ ಇಳಿಸುತ್ತಾರೆ. ನನ್ನ ಅತ್ತೆ ಹೋದ ವರ್ಷವೇ ಹೇಳಿಬಿಟ್ಟಿದ್ದಳು: "ಯವ್ವಾ, ಮತ್ತೊಂದು ಸಲ ಈ ಮನಷ್ಯಾ ಬೊಟ್ಟು ಒತ್ತಿ ಬೆಲಿ ಮುರದ್ರ, ಕೆಂಪು ಬಾಳಿ ಅಷ್ಟೂ ಕಿತ್ತು ಒಗದು ಕಬ್ಬು ಹಚ್ಚತೀನಿ ನೋಡು." ಅತ್ತೆ ಹೇಳಿದ್ದನ್ನು ಮಾಡುವವಳು. ಅವಳ ಅತ್ತೆಯ ಕಾಲದಿಂದ ಗಿಡದ ಬುಡದಲ್ಲಿ ಏಳುವ ಕಂದು ಕಿತ್ತು ನೆಟ್ಟು ಉಳಿಸಿಕೊಂಡು ಬಂದ ಬಾಳೆ ಅದು.

ಈ ಮಾತನ್ನು ಆನಂದತೀರ್ಥರಿಗೆ ಹೇಳಿದಾಗ ಅವರು, "ಮೇಡಂ, ಕೆಂಪಿನ ಕೆಳಗ ಹಸಿರು ಇರ್ತದಲ್ರೀ? ಹಣ್ಣಾಗ್ತಾ ಆಗ್ತಾ ಅದು ಕಡಿಮಿ ಆಗ್ತದಲ್ರೀ? ಬೆಳಕು ಹಾಯಿಸಿದ್ರ ಕಾಣಬೇಕಲ್ಲ!" ಎಂದರು. ಅಷ್ಟೇ ಮಾನ್ಯರೇ, ನಮ್ಮ ಯೋಜನೆ. ಒಂದು ಡಬ್ಬಿ, ಅದರೊಳಗೊಂದು ದೀಪ, ಸಿಪ್ಪೆಯಿಂದ ಹಿಂದಿರುಗುವ ಬೆಳಕನ್ನು ಅಳೆಯುವ ಒಂದು ಪುಟ್ಟ ಕಣ್ಣು. ಒತ್ತುವುದು ಬೇಡ, ಕಲೆ ಬೇಡ, ಜಗಳ ಬೇಡ.

ತಾವು ಕೂಡಲೇ ಮಂಜೂರು ಮಾಡಿದಿರಿ. ಆಮೇಲೆ ತಮ್ಮ ಲೆಕ್ಕಪತ್ರ ವಿಭಾಗದವರು, ಬೀಜಧನ ಪಡೆದೂ ಬೀಜ ಖರೀದಿಸಿದ ರಸೀದಿ ಏಕೆ ಲಗತ್ತಿಸಿಲ್ಲವೆಂದು ಕೇಳಿದರು. ಬಾಳೆಗೆ ಬಿತ್ತುವ ಬೀಜವಿಲ್ಲವೆಂದು ನಾನು ವಿನಯದಿಂದ ತಿಳಿಸಿದಾಗ, ಬೀಜವಿರುವ ಬೆಳೆಯನ್ನು ಆರಿಸಿಕೊಳ್ಳದಿರಲು ಕಾರಣ ಕೊಡಿರೆಂದು ಬರೆದರು. ಇಂಥ ಸೂಕ್ಷ್ಮ ದೃಷ್ಟಿ ನಮ್ಮ ಡಬ್ಬಿಯ ಕಣ್ಣಿಗೂ ಇಲ್ಲ.

ಡಬ್ಬಿಯೇನೋ ತಯಾರಾಯಿತು. ಆದರೆ ಅದು ಭೌತಶಾಸ್ತ್ರದ ಸ್ವತ್ತು, ಕಟ್ಟಡ ಬಿಟ್ಟು ಹೊರಹೋಗುವಂತಿಲ್ಲ. ಬಾಳೆಹಣ್ಣು ಸಸ್ಯಶಾಸ್ತ್ರದ್ದು, ಉಪಕರಣಗಳಿರುವ ಕಟ್ಟಡದೊಳಗೆ ತಿನ್ನುವ ವಸ್ತು ತರುವಂತಿಲ್ಲ. ಎರಡೂ ನಿಯಮಗಳ ಕೆಳಗೆ ತಮ್ಮದೇ ರುಜು. ಆನಂದತೀರ್ಥರು ಎರಡನ್ನೂ ಓದಿ, "ನಡೀರಿ ಮೇಡಂ, ನಡುವ ಬೇವಿನ ಗಿಡದ ಕೆಳಗ ಕಲ್ಲಿನ ಕಟ್ಟಿ ಅದ, ಅಲ್ಲೇ ಕೂಡೂಣು" ಎಂದರು. ಡಬ್ಬಿಯನ್ನು ಭೌತಶಾಸ್ತ್ರದ ಕಿಟಕಿಯಲ್ಲೇ ಇಟ್ಟು, ಅದರ ದೀಪವನ್ನೂ ಕಣ್ಣನ್ನೂ ಮಾತ್ರ ಉದ್ದನೆಯ ತಂತಿಗೆ ಕಟ್ಟಿ ಕಟ್ಟೆಯವರೆಗೆ ಇಳಿಬಿಟ್ಟೆವು. ದಿನಾ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಹಣ್ಣು ತಿರುಗಿಸುವುದು, ಅವರು ಕಿಟಕಿಯಿಂದ ಅಳತೆ ಕೂಗುವುದು. ಹೋಗಿಬರುವ ಹುಡುಗರು ನಮಗೆ ಬೇರೆ ಏನೋ ಹೆಸರಿಟ್ಟಿದ್ದರೂ ಅಂತರ್‌ಶಿಸ್ತೀಯ ಅಧ್ಯಯನ ಅದಕ್ಕಿಂತ ಚೆನ್ನಾಗಿ ನಡೆದ ಉದಾಹರಣೆ ನನಗೆ ತಿಳಿಯದು.

ಹೀಗೆ ಅಳೆದ ಹಣ್ಣುಗಳನ್ನು ಕೊನೆಯ ದಿನ ಕೊಯ್ದು ಅಯೋಡಿನ್ ಹಚ್ಚಿ ನೋಡಬೇಕಿತ್ತು. ಕಾಯಾಗಿದ್ದರೆ ಕಪ್ಪಾಗುತ್ತದೆ, ಹಣ್ಣಾಗಿದ್ದರೆ ಆಗುವುದಿಲ್ಲ. ದೀಪ ಹೇಳಿದ್ದು ನಿಜವೋ ಸುಳ್ಳೋ ಅದೇ ತೀರ್ಮಾನ. ಸರಿಯಾಗಿ ಅದೇ ದಿನ ಸಮಿತಿ ಪರಿಶೀಲನೆಗೆ ದಯಮಾಡಿಸಿತು. ನಾನು ಅಯೋಡಿನ್ ಶೀಶೆ ತರಲು ಒಳಗೆ ಹೋಗಿದ್ದೆ. ಆನಂದತೀರ್ಥರು ಕಿಟಕಿಯಲ್ಲಿ ತಂತಿ ಸರಿಮಾಡುತ್ತ ಬೆನ್ನು ತಿರುಗಿಸಿದ್ದರು. ಮರಳಿ ಬಂದಾಗ ಕಟ್ಟೆಯ ಮೇಲೆ ದಾರ ಕಟ್ಟಿ ಅಂಕಿ ಬರೆದ ಸಿಪ್ಪೆಗಳು ಮಾತ್ರ ಇದ್ದವು. ತಾವು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ಭಾಳ ರುಚಿ ಅವ ರೀ ಮೇಡಂ, ಪ್ರಾಜೆಕ್ಟ್ ಛಲೋ ನಡದದ" ಎಂದು ನನ್ನನ್ನು ಅಭಿನಂದಿಸಿದಿರಿ. ಆನಂದತೀರ್ಥರು ಕಿಟಕಿಯಲ್ಲೇ ತಂತಿ ಹಿಡಿದು ನಿಂತಿದ್ದರು. ಆ ಮುಖವನ್ನು ತಾವು ನೋಡಲಿಲ್ಲ. ನಾನು ನೋಡಿದೆ.

ಹದಿನೈದು ದಿನದೊಳಗೇ ತಮ್ಮ ವರದಿ ಬಂತು: ಸಂಶೋಧಕರು ತಮ್ಮ ಪ್ರತಿಪಾದನೆಯನ್ನು ಪರೀಕ್ಷಿಸಿದ ಹಣ್ಣುಗಳನ್ನು ಹಾಜರುಪಡಿಸಿಲ್ಲ, ಆದ್ದರಿಂದ ಮುಂದಿನ ಕಂತು ಇಲ್ಲ. ಕೆಳಗೆ ಎಲ್ಲ ಸದಸ್ಯರ ಸಹಿ. ಇದನ್ನು ಕಮಲಾಪುರಕ್ಕೆ ಹೋಗಿ ಅತ್ತೆಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ತಿಂದ್ರ ತಿನ್ಲಿ ಬಿಡವ್ವ, ಹಸಿದು ಬಂದಿದ್ರೇನೋ. ತಿಂದ ಮ್ಯಾಲ ಹಣ್ಣ ಎಲ್ಲಿ ಅಂತ ಕೇಳ್ತಾರಲ್ಲ, ಇವರಿಗಿಂತ ಆ ಮಜರ್ ಭೇಷ್!" ಎಂದಳು. ಆಮೇಲೆ, "ಒಂದು ಗೊನಿ ಉಳದದ. ಐತವಾರ ಮಜರ್ ಬರ್ತಾನ. ನಿಮ್ಮ ಸರ್‌ಗ ಕರ್ಕೊಂಡು ಬಾ. ಡಬ್ಬಿ ಅವನ ಬೊಟ್ಟಿಗಿಂತ ಖರೇ ಹೇಳಲಿಲ್ಲಂದ್ರ ಸೋಮವಾರ ಆಳು ಕರಸ್ತೀನಿ, ಬಾಳಿ ಕಿತ್ತಿಸಾಕ" ಎಂದಳು.

ವಿಶ್ವವಿದ್ಯಾಲಯದ ಡಬ್ಬಿ ಹೊರಗೆ ಹೋಗುವಂತಿಲ್ಲವಷ್ಟೇ. ಆನಂದತೀರ್ಥರು ತಮ್ಮ ಸ್ಟೀಲಿನ ಊಟದ ಡಬ್ಬಿಗೆ ತೂತು ಕೊರೆದು ಅದರೊಳಗೆ ಹೊಸದೊಂದು ದೀಪ, ಹೊಸದೊಂದು ಕಣ್ಣು ಕೂರಿಸಿ, ಭಾನುವಾರ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಕಂಡಕ್ಟರನಿಗೆ ಅದು ಊಟವೆಂದೇ ತೋರಿತು.

ಅತ್ತೆಯ ಅಂಗಳದಲ್ಲಿ ಮಜರ್ ಮೊದಲು ಹೆಬ್ಬೆರಳು ತೋರಿಸಿ ನಕ್ಕರು. "ಸರ್, ನನ್ನ ಅಂಗೂಠಾಕ್ಕ ಇಪ್ಪತ್ತು ವರ್ಷದ ತಜುರ್ಬಾ, ಅನುಭವ ಅದ, ನಿಮ್ಮ ಡಬ್ಬಾ ನಿನ್ನೆ ಹುಟ್ಟ್ಯದ" ಎಂದರು. ಆದರೂ ಒಪ್ಪಿದರು. ಒಂದೊಂದೇ ಹಣ್ಣನ್ನು ಅವರು ಒತ್ತಿ ಹೇಳಿದರು, ಡಬ್ಬಿ ಒತ್ತದೆ ಹೇಳಿತು, ನಾನು ಕೊಯ್ದು ಅಯೋಡಿನ್ ಹಚ್ಚಿದೆ. ಶುರುವಿನಲ್ಲಿ ಇಬ್ಬರೂ ಸಮ. ನಡುವೆ ಒಂದು ಹಣ್ಣಿನಲ್ಲಿ ಡಬ್ಬಿ ಸೋತಿತು. ಆನಂದತೀರ್ಥರು ಡಬ್ಬಿಯ ಕಣ್ಣನ್ನು ಅಂಗಿಯ ತುದಿಯಿಂದ ಒರೆಸತೊಡಗಿದ್ದನ್ನು ಕಂಡು ನಾನು ಚಾಕು ತೊಳೆಯುವ ನೆಪದಲ್ಲಿ ಮುಖ ತಿರುಗಿಸಿದೆ. ಆಮೇಲೆ ಅದು ಸೋಲಲಿಲ್ಲ. ಮಜರ್ ಹಣ್ಣೆಂದದ್ದು ಅಯೋಡಿನ್ ತಾಗಿ ಮಸಿಯಂತೆ ಕಪ್ಪಾಯಿತು, ಮತ್ತೊಂದೂ ಆಯಿತು. ಅವರು ತಮ್ಮ ಹೆಬ್ಬೆರಳನ್ನು ಎತ್ತಿ ಹಿಡಿದು ಅದು ಯಾರದೋ ಎಂಬಂತೆ ನೋಡಿಕೊಂಡರು. "ಯಾ ಅಲ್ಲಾ! ಸಾಬಮ್ಮಕ್ಕಾ, ಉಳದಿದ್ದು ಒತ್ತಂಗಿಲ್ಲ. ಡಬ್ಬಾ ಹೇಳಿದ್ದೇ ಆಖರಿ ಮಾತು. ನೀವು ಹೇಳಿದ ಬೆಲಿಗೇ ತಗೋತೀನಿ." ಅತ್ತೆ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಮಜರ್‌ಗೆ ಮೊದಲು ಕೊಟ್ಟಳು. ಸೋಮವಾರ ಆಳುಗಳು ಬಂದರು, ಹೊಸ ಕಂದು ನೆಡಲು.

ಡಬ್ಬಿಯನ್ನು ಅತ್ತೆ ಇಟ್ಟುಕೊಂಡಳು. ಭಾನುವಾರ ಮರಳುವ ಬಸ್ಸಿನಲ್ಲಿ ಬರಿಗೈಯಲ್ಲಿ ಕೂತಿದ್ದ ಆನಂದತೀರ್ಥರು ಕಲಬುರಗಿ ಹತ್ತಿರವಾಗುವ ತನಕ ಕಿಟಕಿಯಾಚೆ ನೋಡುತ್ತಿದ್ದು, "ಇಷ್ಟು ವರ್ಷ ಬೆಳಕಿನ ಪಾಠ ಹೇಳೀನಿ ರೀ ಮೇಡಂ. ಅದು ಬೇಕು ಅಂತ ಕೇಳಿ ಇಸ್ಕೊಂಡವರು ನಿಮ್ಮ ಅತ್ತಿಯವರೇ ಮೊದಲು" ಎಂದರು.

ಆದ್ದರಿಂದ ಮಾನ್ಯರೇ, ಹಣ ಕೇಳಲು ಇದನ್ನು ಬರೆದಿಲ್ಲ. ನನ್ನ ಕೋರಿಕೆಗಳು ಸಣ್ಣವು. ತಮ್ಮ ಸಭೆ ಮುಂದಕ್ಕೆ ಹೋದಾಗಲೆಲ್ಲ ಜಿಲ್ಲೆಯ ಸಮಸ್ತ ಹಣ್ಣುಗಳೂ ಮಾಗುವುದನ್ನು ಮುಂದೂಡಬೇಕೆಂದು ಒಂದು ಸುತ್ತೋಲೆ ಹೊರಡಿಸಿರಿ. ಸಮಿತಿಯ ಸದಸ್ಯರು ತಿಂದ ಹಣ್ಣು ಸಿಹಿಯಿತ್ತೋ ಒಗರಿತ್ತೋ ಎಂದು ಸಹಿ ಮಾಡಿ ತಿಳಿಸಿದರೆ, ತಮ್ಮ ನಾಲಗೆಗಳನ್ನು ನಮ್ಮ ಪ್ರಬಂಧದಲ್ಲಿ ಉಪಕರಣಗಳೆಂದು ನಮೂದಿಸಿ ಗೌರವಿಸುತ್ತೇವೆ. ಮತ್ತು ದಯವಿಟ್ಟು ಆನಂದತೀರ್ಥರ ಬೀಳ್ಕೊಡುಗೆಗೆ ಬಂದು ಭಾಷಣ ಮಾಡಬೇಡಿರಿ. ಅವರು ಸಂತೋಷವಾಗಿದ್ದಾರೆ.

ಇನ್ನೂ ವಿಶ್ವಾಸ ಕಳೆದುಕೊಳ್ಳಲು ಕಲಿಯುತ್ತಿರುವ, ತಮ್ಮ ವಿಶ್ವಾಸಿ,
ಪಂಚಶೀಲಾ

ತಾ.ಕ.: ಈ ಪತ್ರವೂ ನಿಯಮದಂತೆ ಎರಡು ವಿಭಾಗಗಳ ಕೂಡುಕೆಲಸವೇ, ಸಿಟ್ಟು ಸಸ್ಯಶಾಸ್ತ್ರದ್ದು, ಸಿಟ್ಟಿನ ನಡುವಿನ ಅಲ್ಪವಿರಾಮಗಳು ಭೌತಶಾಸ್ತ್ರದವು. ಉತ್ತರವನ್ನು ತಮ್ಮ ಸಮಿತಿಯೂ ಲೆಕ್ಕಪತ್ರ ವಿಭಾಗವೂ ಸೇರಿ ಬರೆಯಬೇಕಾಗಿ ಪ್ರಾರ್ಥನೆ. ತಾವಿಬ್ಬರೂ ಒಂದೇ ಒಂದು ವಾಕ್ಯಕ್ಕೆ ಒಪ್ಪಿದರೂ ಸಾಕು, ಅದನ್ನೇ ಈ ವಿಶ್ವವಿದ್ಯಾಲಯದ ಅತಿ ದೊಡ್ಡ ಅಂತರ್‌ಶಿಸ್ತೀಯ ಸಾಧನೆಯೆಂದು ಘೋಷಿಸಲು ನಾವು ಸಿದ್ಧ.