ಮೂರು ದಿನದ ಕುಂಗ್‌ಫೂ, ಎರಡು ಬಗೆಯ ಮ್ಯಾಟು

ಮೂರೇ ದಿನದಲ್ಲಿ ಕುಂಗ್‌ಫೂ ಕಲಿತು, ಹನ್ನೊಂದು ಶಾಲೆಗಳ ಮ್ಯಾಟಿನ ಆರ್ಡರನ್ನು ಜೇಬಿಗಿಳಿಸಿಕೊಂಡೇ ಮನೆಗೆ ಬರುತ್ತೇನೆ ಎಂದು ನಾನು ಊಟಕ್ಕೆ ಕೂತಲ್ಲಿ ಘನಘೋರ ಶಪಥ ಮಾಡಿದೆ. ನನ್ನ ಹೆಂಡತಿ ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

“ಮೊದಲು ಕೆಳಗೆ ಬಿದ್ದಿರೋ ಆ ಚಮಚ ಬಗ್ಗಿ ಎತ್ಕೊಳ್ಳಿ. ಕುಂಗ್‌ಫೂ ಆಮೇಲೆ ನೋಡೋಣ.”

ನಾನು ಬೇರೆ ಚಮಚ ತೆಗೆದುಕೊಂಡೆ. ಐವತ್ತೊಂದರ ವಯಸ್ಸಿನಲ್ಲಿ ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂಬ ವಿವೇಕ ಮನುಷ್ಯನಿಗೆ ಬಂದಿರುತ್ತದೆ.

ನಮ್ಮದು ಫೋಮು, ರೆಕ್ಸಿನ್ನು, ಹಾಸಿಗೆ, ದಿಂಬುಗಳ ಅಂಗಡಿ. ಮದುವೆಯಾದಾಗಿನಿಂದ, ಅಂದರೆ ಹದಿನೆಂಟು ವರ್ಷದಿಂದ, ಇಬ್ಬರೂ ಸೇರಿ ನಡೆಸುತ್ತಿದ್ದೇವೆ. ನಾನು ಮಾರುತ್ತೇನೆ, ಅವಳು ದೂರು ಕೇಳುತ್ತಾಳೆ. ಹೀಗೆ ಕೆಲಸ ಸರಿಸಮನಾಗಿ ಹಂಚಿಕೆಯಾಗಿದೆ. ಹನ್ನೊಂದು ಕುಂಗ್‌ಫೂ ಶಾಲೆಗಳಿಗೆ ಹಿರಿಯರಾದ ಗುರುಗಳೊಬ್ಬರು ನಮ್ಮ ಹಿಂದಿನ ಬೀದಿಯ ಸಭಾಂಗಣದಲ್ಲಿ ಮೂರು ದಿನದ ಶಿಬಿರ ಇಟ್ಟುಕೊಂಡಿದ್ದರು. ಅದಕ್ಕೆ ನಲವತ್ತು ಮ್ಯಾಟು ಬೇಕೆಂದು ನಮಗೆ ಹೇಳಿಕಳಿಸಿದ್ದರು. ಮ್ಯಾಟು ಮನಸ್ಸಿಗೆ ಹಿಡಿಸಿದರೆ ಹನ್ನೊಂದೂ ಶಾಲೆಗಳಿಗೆ ನಮ್ಮಲ್ಲೇ ತೆಗೆದುಕೊಳ್ಳುತ್ತಾರೆ, ಕೊನೆಯ ದಿನ ತೀರ್ಮಾನ. ಮ್ಯಾಟು ಕೊಟ್ಟವರಿಗೆ ಶಿಬಿರದಲ್ಲಿ ಎರಡು ಜಾಗ ಪುಕ್ಕಟೆ.

“ನಲವತ್ತಕ್ಕೂ ಒಳ್ಳೇ ಫೋಮೇ ಹಾಕಿಸ್ರೀ. ಜನ ಅದರ ಮೇಲೆ ಬೀಳೋದು” ಎಂದು ಹೆಂಡತಿ ಹೇಳಿದ್ದಳು. ನಾನು ತಲೆಯಾಡಿಸಿದ್ದೆ. ನಾನು ತಲೆಯಾಡಿಸಿದರೆ ಕತ್ತು ಸರಿಯಾಗಿದೆ ಎಂದಷ್ಟೇ ಅರ್ಥ ಎನ್ನುವುದು ಇಷ್ಟು ವರ್ಷದಲ್ಲಿ ಅವಳಿಗೆ ಗೊತ್ತಾಗಬೇಕಿತ್ತು.

ಗೋದಾಮಿನಲ್ಲಿ ಕತ್ತರಿಸಿ ಉಳಿದ ಫೋಮಿನ ಚೂರುಗಳು ಮೂಟೆಗಟ್ಟಲೆ ಬಿದ್ದಿದ್ದವು. ಇಪ್ಪತ್ತು ಮ್ಯಾಟುಗಳಿಗೆ ಅಪ್ಪಟ ಫೋಮು ತುಂಬಿಸಿದೆ. ಇನ್ನಿಪ್ಪತ್ತಕ್ಕೆ ಆ ಚೂರುಗಳನ್ನೇ ಅಂಟು ಹಾಕಿ ಒತ್ತಿಸಿ, ಮೇಲೆ ಬೆರಳು ದಪ್ಪ ಒಳ್ಳೆಯ ಫೋಮಿನ ಪದರ ಹಾಸಿ, ಅದೇ ನೀಲಿ ರೆಕ್ಸಿನ್ನು ಹೊದಿಸಿದೆ. ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಹೊಲಿಗೆಯನ್ನು ಹೊರಗೆ ಕೊಟ್ಟೆ. ಬುಟ್ಟಿಯಲ್ಲಿ ಒಳ್ಳೆಯ ಹಣ್ಣನ್ನು ಮೇಲೆ ಜೋಡಿಸುವುದಕ್ಕೆ ಮೋಸ ಎನ್ನುವವರು ಯಾವತ್ತೂ ಬುಟ್ಟಿ ಹೊತ್ತವರಲ್ಲ. ಗುರುತಿಗಿರಲಿ ಎಂದು ಅಪ್ಪಟದ ಮೂಲೆಗೆ ಕರಿ ದಾರ, ಚೂರಿನ ಮೂಲೆಗೆ ನೀಲಿ ದಾರ ಹಾಕಿಸಿದ್ದೆ. ನನ್ನ ಲೆಕ್ಕ ಇಷ್ಟೇ: ಕುಂಗ್‌ಫೂ ಅಂದರೆ ಗಾಳಿಗೆ ಒದೆಯುವುದು, ಗಾಳಿಗೆ ಗುದ್ದುವುದು. ಮ್ಯಾಟು ಇರುವುದು ಕೋಣೆಯ ಅಂದಕ್ಕೆ!

ಎರಡನೆಯ ಜಾಗ ಖಾಲಿ ಹೋಗುವುದು ಬೇಡವೆಂದು ಹೆಂಡತಿಯೂ ಹೊರಟಳು. “ನೀವು ಬೀಳೋದನ್ನ ನೋಡೋಕೆ ಇನ್ಯಾವಾಗ ಸಿಗುತ್ತೆ?”

ಹಿರಿಯ ಗುರು ಎಂದರೆ ಆರಡಿ ಆಳು, ಹುರಿಮೀಸೆ, ಬಾಗಿಲಿಗೆ ಅಡ್ಡ ನಿಂತರೆ ಬೆಳಕೂ ಒಳಗೆ ಬರಬಾರದು ಎಂದು ನಾನು ಚಿತ್ರಿಸಿಕೊಂಡಿದ್ದೆ. ಮೊದಲ ದಿನ ಬೆಳಿಗ್ಗೆ ಬಾಗಿಲಲ್ಲಿ ನನ್ನ ಭುಜದಷ್ಟೆತ್ತರದ, ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು. ಕೈಯಲ್ಲೊಂದು ಬಟ್ಟೆಚೀಲ. ಯಾರದೋ ಅಜ್ಜಿ ಊಟದ ಡಬ್ಬಿ ಕೊಡಲು ಬಂದಿರಬೇಕು ಎಂದುಕೊಂಡು, “ಅಮ್ಮಾ, ಮಕ್ಕಳ ಕ್ಲಾಸು ಪಕ್ಕದ ರೂಮಲ್ಲಿ” ಎಂದು ದಾರಿ ತೋರಿಸಿದೆ. ಆಕೆ ನನಗೆ ಥ್ಯಾಂಕ್ಸ್ ಹೇಳಿ ಸೀದಾ ಒಳಗೆ ಬಂದರು. ಸಭಾಂಗಣದಲ್ಲಿದ್ದ ಮೂವತ್ತೂ ಜನ ಎದ್ದು ನಿಂತು ಸೊಂಟದವರೆಗೆ ಬಾಗಿದರು. ನಾನು ಎಲ್ಲರಿಗಿಂತ ಹೆಚ್ಚು ಬಾಗಿದೆ, ಮುಖ ಮುಚ್ಚಿಕೊಳ್ಳಲು ಬೇರೆ ಜಾಗವಿರಲಿಲ್ಲ.

ಎರಡನೆಯ ಆಘಾತ ಕಾದು ಕೂತಿತ್ತು. ಗುರುಗಳು ಚೀಲ ಕೆಳಗಿಟ್ಟು, ತಣ್ಣಗೆ ಹೇಳಿದರು:

“ಈ ಮೂರು ದಿನ ಯಾರೂ ಯಾರಿಗೂ ಹೊಡೆಯೋದಿಲ್ಲ. ಬೀಳೋದು ಕಲೀತೀರಿ. ಬೀಳೋದು ಬಂದವನಿಗೆ ಅರ್ಧ ವಿದ್ಯೆ ಬಂದ ಹಾಗೆ.”

ಮೂವತ್ತು ಜನ ಮೂರು ದಿನ, ನನ್ನ ಕಣ್ಣೆದುರೇ, ಬೆನ್ನು ಸೊಂಟ ಪಣಕ್ಕಿಟ್ಟು ನನ್ನ ಮಾಲನ್ನು ಪರೀಕ್ಷೆ ಮಾಡಲಿದ್ದಾರೆ! ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿಗಳನ್ನು ನಾನು ಕೆಟ್ಟ ಕನಸಿನಲ್ಲೂ ಕಂಡಿರಲಿಲ್ಲ.

ಮೊದಲು ಬಿದ್ದವರು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಬಿದ್ದದ್ದು ನೀಲಿ ದಾರದ ಮೇಲೆ. ‘ಧಬ್!’ ಆಮೇಲೆ ಪೋಸ್ಟ್‌ಮ್ಯಾನು ಕರಿ ದಾರದ ಮೇಲೆ ಬಿದ್ದ. ‘ಪುಸ್.’ ಇಷ್ಟು ಸ್ಪಷ್ಟವಾಗಿರುವ ಎರಡು ಸದ್ದುಗಳ ವ್ಯತ್ಯಾಸ ಇಡೀ ಸಭೆಯಲ್ಲಿ ಒಬ್ಬರಿಗೂ ಗೊತ್ತಾಗದಿದ್ದದ್ದು ನನಗೆ ಸೋಜಿಗವೇ ಆಯಿತು. ಡಾಕ್ಟರು ಸೊಂಟ ನೀವಿಕೊಳ್ಳುತ್ತ ನನ್ನತ್ತ ನೋಡಿದರು. ಬೇರೆಯವರ ಹಲ್ಲು ನೋಡಲು ಬಗ್ಗಿ ಬಗ್ಗಿಯೇ ನಿಮ್ಮ ಸೊಂಟ ಸವೆದಿದೆ ಎಂದು ನಾನು ತಡಮಾಡದೆ ತಿಳಿಸಿದೆ. ಅವರು ಯೋಚಿಸಿ, ಹೌದು, ಇದನ್ನು ತಮ್ಮ ತಾಯಿಯೂ ಹೇಳುತ್ತಿದ್ದರು ಎಂದು ಒಪ್ಪಿಕೊಂಡರು. ಒಬ್ಬನ ನೋವನ್ನು ಅವನಿಗೇ ಮಾರುವುದು ಸುಲಭದ ವಿದ್ಯೆಯಲ್ಲ.

ನನ್ನ ಸರದಿ ಬಂತು. ನಿಂತಿದ್ದ ಜಾಗದ ಮೂಲೆ ನೋಡಿದೆ: ನೀಲಿ. ಎಡಕ್ಕೆ ಎರಡು ಹೆಜ್ಜೆ ಜಾರಿದೆ: ಅದೂ ನೀಲಿ. ಹಿಂದಕ್ಕೆ ಒಂದು ಹೆಜ್ಜೆ: ಕರಿ! ಕಣ್ಣು ಮುಚ್ಚಿ, ಮೈ ಬಿಟ್ಟು, ‘ಪುಸ್’ ಎಂದು ಬಿದ್ದೆ. ಎದ್ದಾಗ ಗುರುಗಳು ಚಪ್ಪಾಳೆ ತಟ್ಟುತ್ತಿದ್ದರು.

“ನೋಡಿದಿರಾ? ಬೀಳೋದಕ್ಕೆ ಮುಂಚೆ ಇವರು ನೆಲ ನೋಡಿದ್ರು. ಮೊದಲನೇ ದಿನಾನೇ ನೆಲ ನೋಡಿದ ಶಿಷ್ಯನ್ನ ನಾನು ಇದೇ ಮೊದಲು ಕಾಣ್ತಿರೋದು.”

ನಾನು ಕಕ್ಕಾಬಿಕ್ಕಿಯಾದೆ. ನನ್ನ ಹೆಂಡತಿಯ ಬಾಯಂತೂ ತೆರೆದದ್ದು ಮುಚ್ಚಲಿಲ್ಲ. ನನ್ನನ್ನು ಯಾರಾದರೂ ಹೊಗಳಿದರೆ ಅವಳಿಗೆ ಹೀಗಾಗುತ್ತದೆ, ಅಭ್ಯಾಸವಿಲ್ಲ.

ಆಮೇಲೆ ಜೋಡಿಜೋಡಿಯಾಗಿ ಬೀಳಿಸುವ ಪಾಠ. ನಮ್ಮಿಬ್ಬರದು ಒಂದು ಜೋಡಿ. ಅವಳು ಅಮಾಯಕಳಾಗಿ ನೀಲಿ ದಾರದ ಮ್ಯಾಟಿನ ಮೇಲೆ ಹೋಗಿ ನಿಂತಳು. ನಾನು ಎಷ್ಟೇ ವ್ಯಾಪಾರಿಯಾದರೂ ಕಟ್ಟಿಕೊಂಡವಳ ಸೊಂಟ ಮುರಿಸುವಷ್ಟು ಕಟುಕನಲ್ಲ. ಮೆಲ್ಲಗೆ ಅವಳ ಕೈ ಹಿಡಿದು, “ಇಲ್ಲಿ ಬಾ” ಎಂದು ಕರಿ ದಾರದ ಮೇಲೆ ತಂದು ನಿಲ್ಲಿಸಿದೆ. ಅವಳು ನನ್ನ ಮುಖವನ್ನು ಅಳತೆ ತೆಗೆಯುವವಳಂತೆ ನೋಡಿದಳು. ಹದಿನೆಂಟು ವರ್ಷದಲ್ಲಿ ನಾನು ಅವಳ ಕೈ ಹಿಡಿದದ್ದು ಒಂದೇ ಒಂದು ಸಲ, ರಸ್ತೆ ದಾಟುವಾಗ. ಅದೂ ಅಂಗಡಿಯ ಬೀಗದಕೈ ಅವಳ ಕೈಯಲ್ಲಿತ್ತು ಎಂಬ ಕಾರಣಕ್ಕೆ.

ಎರಡನೆಯ ಸಲ ಕೈ ಹಿಡಿದಾಗ ಅವಳು ನಕ್ಕಳು. ಐದನೆಯ ಸಲಕ್ಕೆ ತಾನೇ ಕೈ ಚಾಚಿದಳು! ಆ ಸಂಜೆ ನಾನು ಕೇಳದೆಯೇ ಕಾಲಿಗೆ ಬಿಸಿನೀರು ಬಂತು. ಮರುದಿನ ಬೆಳಿಗ್ಗೆ ಅವಳು ಫೋನಿನಲ್ಲಿ ತಂಗಿಯ ಹತ್ತಿರ ಹೇಳಿಕೊಳ್ಳುತ್ತಿದ್ದದ್ದು ಬಚ್ಚಲಮನೆಯಲ್ಲಿದ್ದ ನನ್ನ ಕಿವಿಗೂ ಬಿತ್ತು: “ನಿಮ್ಮ ಭಾವ ಬದಲಾಗಿಬಿಟ್ಟಿದ್ದಾರೆ ಕಣೇ. ಅಷ್ಟು ಜನರ ಮುಂದೆ ಕೈ ಹಿಡಿದು ಕರ್ಕೊಂಡು ಹೋಗ್ತಾರೆ. ಇಷ್ಟು ವರ್ಷ ಎಲ್ಲಿತ್ತೋ ಈ ಪ್ರೀತಿ.”

ಗೋದಾಮಿನಲ್ಲಿತ್ತು, ಮೂಟೆಯೊಳಗೆ! ಹಾಗಂತ ಹೇಳಲಾಗುತ್ತದೆಯೇ? ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಗರಬಡಿದವನಂತೆ ಕನ್ನಡಿಯ ಮುಂದೆ ನಿಂತೆ. ನನ್ನ ಮೋಸ ನನ್ನನ್ನು ಒಳ್ಳೆಯ ಗಂಡನನ್ನಾಗಿ ಮಾಡಿಬಿಟ್ಟಿತ್ತು. ನಿಜ ಹೇಳಬೇಕೆಂದರೆ, ಆ ಹುದ್ದೆ ನನಗೆ ಹಿಡಿಸಿಯೂ ಇತ್ತು. ಆರ್ಡರ್ ಕೈ ತಪ್ಪಿದರೆ ಇನ್ನೊಂದು ಹುಡುಕಬಹುದು, ಅವಳ ಈ ನಗು ಕೈ ತಪ್ಪಿದರೆ ಮುಂದಿನದಕ್ಕೆ ಇನ್ನು ಹದಿನೆಂಟು ವರ್ಷ ಕಾಯಬೇಕು.

ಎರಡನೆಯ ದಿನ ನಾನು ಮಾದರಿ ಶಿಷ್ಯನಾದೆ. ಎಡಕ್ಕೆ ಎರಡು, ಹಿಂದಕ್ಕೊಂದು. ನನ್ನ ಹೆಜ್ಜೆಯನ್ನು ಎಲ್ಲರೂ ಅಭ್ಯಾಸ ಮಾಡಬೇಕೆಂದು ಗುರುಗಳ ಅಪ್ಪಣೆಯಾಯಿತು. ಮೂವತ್ತು ಜನ ಗಂಭೀರವಾಗಿ ನೆಲ ನೋಡಿ, ಎಡಕ್ಕೆ ಎರಡು ಹೆಜ್ಜೆ ಜಾರಿ, ಹಿಂದಕ್ಕೊಂದು ಹಾಕಿ, ನೆಟ್ಟಗೆ ನೀಲಿ ದಾರದ ಮೇಲೇ ‘ಧಬ್ ಧಬ್’ ಎಂದು ಉರುಳುತ್ತಿದ್ದರು. ಹಲ್ಲಿನ ಡಾಕ್ಟರು ಪ್ರತಿ ಸಲ ಬಿದ್ದಾಗಲೂ ನನ್ನ ಕಡೆ ಭಕ್ತಿಯಿಂದ ನೋಡಿ, ತಮ್ಮದು ಎಲ್ಲಿ ತಪ್ಪುತ್ತಿದೆ ಎಂದು ಕೇಳುತ್ತಿದ್ದರು. ಅಭ್ಯಾಸ ಸಾಲದು ಎಂದೆ. ಗುರುಗಳು ಮಾತ್ರ ಬರಿಗಾಲಲ್ಲಿ ಮ್ಯಾಟಿನಿಂದ ಮ್ಯಾಟಿಗೆ ನಡೆಯುತ್ತ, ಕಾಲಿನ ಹೆಬ್ಬೆರಳಲ್ಲಿ ಒತ್ತಿ ನೋಡುತ್ತ ಮುಂದೆ ಹೋಗುತ್ತಿದ್ದರು. ಅವರ ಆ ಹೆಬ್ಬೆರಳು ಕಂಡರೆ ನನಗೆ ತಪಾಸಣೆಯ ಅಧಿಕಾರಿಯನ್ನು ಕಂಡಂತಾಗುತ್ತಿತ್ತು.

ಮೂರನೆಯ ದಿನ ಪ್ರದರ್ಶನ. ಹನ್ನೊಂದೂ ಶಾಲೆಗಳ ಮುಖ್ಯಸ್ಥರು ಬಂದು ಗೋಡೆಯುದ್ದಕ್ಕೂ ಕುರ್ಚಿಯಲ್ಲಿ ಕೂತಿದ್ದರು. ಮೊದಲಿಗೆ ನನ್ನ ಹೆಜ್ಜೆ. ಎಲ್ಲರೂ ಮೆಚ್ಚಿದರು. ಆರ್ಡರ್ ಜೇಬಿನ ಬಾಯಿಗೆ ಬಂದು ನಿಂತಿದೆ, ಒಳಗಿಳಿಯುವುದೊಂದು ಬಾಕಿ ಎಂದು ನಾನು ಬೆವರು ಒರೆಸಿಕೊಂಡೆ.

ಆಗ ಗುರುಗಳು, ಇನ್ನು ಭುಜದ ಮೇಲಿಂದ ಎಸೆಯುವುದನ್ನು ತೋರಿಸುತ್ತೇನೆ ಎಂದು ನನ್ನ ಹೆಂಡತಿಯನ್ನು ಕರೆದರು. ಅವಳು ಸೆರಗು ಬಿಗಿಮಾಡಿಕೊಂಡವಳಂತೆ ಅಂಗಿಯ ತುದಿ ಎಳೆದುಕೊಂಡು, ಸಭಾಂಗಣದ ನಟ್ಟನಡುವೆ ಹೋಗಿ ನಿಂತಳು. ನಾನು ಮೂಲೆ ನೋಡಿದೆ. ನೀಲಿ. ಪಕ್ಕದ್ದು ನೋಡಿದೆ. ನೀಲಿ. ಸುತ್ತ ನಾಲ್ಕೂ ಕಡೆ ನೀಲಿ!

ಕೆಮ್ಮಿದೆ. ಕಣ್ಸನ್ನೆ ಮಾಡಿದೆ. ಆಚೆ ಸರಿ ಎಂದು ಕೈಬೀಸಿದೆ. ಹುರಿದುಂಬಿಸುತ್ತಿದ್ದಾರೆ ಪಾಪ ಎಂದುಕೊಂಡು ಅವಳೂ ಕೈಬೀಸಿದಳು. ಆ ಪುಟ್ಟ ಮುದುಕಿ ಬಗ್ಗಿದರು, ನನ್ನ ಹೆಂಡತಿಯ ಕಾಲು ನೆಲ ಬಿಟ್ಟಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಹನ್ನೊಂದು ಶಾಲೆ, ಇನ್ನೊಂದರಲ್ಲಿ ಅವಳ ಬೆನ್ನುಮೂಳೆ. ನಾನು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ ಎಂದು ಬರೆಯಲು ಆಸೆಯಿದೆ. ಆದರೆ ಮುಳ್ಳು ಸ್ಥಿರವಾಗಲು ಬೇಕಾಗುವಷ್ಟು ಹೊತ್ತು ನೋಡಿದೆ. ಆಮೇಲೆ ಕಿರುಚಿದೆ:

“ಅಲ್ಲಿ ಬೇಡ ಗುರುಗಳೇ! ಆ ಮ್ಯಾಟಲ್ಲಿ ಇರೋದು ಬರೀ ಚೂರು!”

ಗುರುಗಳು ನನ್ನ ಹೆಂಡತಿಯನ್ನು ಹೂವಿನ ಕುಂಡದಂತೆ ಜೋಪಾನವಾಗಿ ಕೆಳಗಿಳಿಸಿ ನಿಲ್ಲಿಸಿದರು.

“ಏನಂದ್ರಿ, ಮ್ಯಾಟಿನವರೇ?”

ಇನ್ನು ಮುಚ್ಚಿಟ್ಟು ಫಲವೇನು? ಇಪ್ಪತ್ತು ಅಪ್ಪಟ, ಇಪ್ಪತ್ತು ಚೂರು, ಕರಿ ದಾರ, ನೀಲಿ ದಾರ, ಎಲ್ಲವನ್ನೂ ಕಕ್ಕಿದೆ. ಮೂವತ್ತೂ ಜನ ಒಟ್ಟಿಗೆ ತಲೆ ಬಗ್ಗಿಸಿ ತಾವು ನಿಂತಿದ್ದ ಮ್ಯಾಟಿನ ಮೂಲೆ ನೋಡಿಕೊಂಡರು. ಮೂರು ದಿನದಲ್ಲಿ ಯಾರಿಗೂ ಒಲಿಯದ ನನ್ನ ವಿದ್ಯೆ ಆ ಗಳಿಗೆಯಲ್ಲಿ ಎಲ್ಲರಿಗೂ ಒಲಿಯಿತು. ಹಲ್ಲಿನ ಡಾಕ್ಟರು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದ ರೀತಿಗೆ, ಇನ್ನು ನನ್ನ ಹಲ್ಲುಗಳನ್ನು ಊರಾಚೆಯ ಡಾಕ್ಟರಿಗೇ ತೋರಿಸಬೇಕು ಎಂದು ನಿಶ್ಚಯವಾಯಿತು.

ಹೆಂಡತಿ ನಿಧಾನವಾಗಿ ನನ್ನ ಹತ್ತಿರ ಬಂದಳು.

“ಅಂದ್ರೆ, ನನ್ನ ಕೈ ಹಿಡಿದು ಕರ್ಕೊಂಡು ಹೋಗ್ತಿದ್ದಿದ್ದು ಕರಿ ದಾರಕ್ಕಾ?”

“ನಿನಗೆ ಪೆಟ್ಟಾಗಬಾರದು ಅಂತ ಕಣೇ.”

“ಯಾರ ಮಾಲಿನಿಂದ?”

ಅವಳ ಮುಖದಲ್ಲಿ ಎರಡು ದಿನದಿಂದ ಇದ್ದ ಏನೋ ಒಂದು ಆರಿಹೋದದ್ದನ್ನು ಕಂಡೆ. ಹನ್ನೊಂದು ಶಾಲೆ ಹಾಳಾಗಿ ಹೋಗಲಿ, ಅದನ್ನು ನೋಡಬೇಕಾಗಿ ಬಂತಲ್ಲ ಎನಿಸಿತು.

ಅಷ್ಟರಲ್ಲಿ ಗುರುಗಳು ನೀಲಿ ದಾರದ ಮ್ಯಾಟೊಂದರ ಮೇಲೆ ಮಂಡಿಯೂರಿ, ಅದರ ಬೆನ್ನು ತಟ್ಟಿದರು. ಎರಡು ಬಗೆ ಇದೆ ಎಂದು ತಮ್ಮ ಕಾಲಿಗೆ ಮೊದಲ ದಿನವೇ ತಿಳಿದಿತ್ತಂತೆ. ಇವತ್ತು ಮುಖ್ಯಸ್ಥರ ಮುಂದೆ ಅದನ್ನೇ ಹೇಳಬೇಕೆಂದಿದ್ದರಂತೆ.

“ಮೆತ್ತಗಿರೋ ಇಪ್ಪತ್ತನ್ನೂ ವಾಪಸ್ ತಗೊಂಡು ಹೋಗಿ. ಕಾಲು ಹೂತುಹೋಗಿ ಮಂಡಿ ತಿರುಚುತ್ತೆ. ಈ ಗಟ್ಟಿ ಇರೋವೇ ನಮಗೆ ಬೇಕಾಗಿರೋದು. ಹನ್ನೊಂದು ಶಾಲೆಗೂ ಇವೇ.”

ಬಾಯಿ ಮುಚ್ಚಿಕೊಂಡಿದ್ದರೆ ಆರ್ಡರೂ ಸಿಗುತ್ತಿತ್ತು, ಅವಳ ನಗುವೂ ಉಳಿಯುತ್ತಿತ್ತು! ಜನ್ಮದಲ್ಲಿ ಒಂದೇ ಒಂದು ಸಲ ಪ್ರಾಮಾಣಿಕನಾದೆ, ಅದೂ ಬೇಡದ ಜಾಗದಲ್ಲಿ!

“ಗಟ್ಟಿ ಆಯ್ತು, ಆದರೆ ಅವಳ ಬೆನ್ನು?” ಎಂದು ತೊದಲಿದೆ.

“ನೀವು ನೀರು ಕುಡಿಯೋಕೆ ಹೋದಾಗಲೆಲ್ಲ ಈಕೆ ಗಟ್ಟಿಯದರ ಮೇಲೇ ಬಿದ್ದು ಕಲಿತರು. ಈ ಹಾಲ್‌ನಲ್ಲಿ ಇನ್ನೂ ಬೀಳೋದು ಬಾರದೆ ಇರೋರು ಒಬ್ಬರೇ.” ಗುರುಗಳು ನನ್ನ ಹೆಂಡತಿಯತ್ತ ತಿರುಗಿದರು. “ಬನ್ನಮ್ಮ, ಸ್ವಲ್ಪ ಕಲಿಸಿಕೊಡಿ.”

ಅವಳು ನನ್ನ ತೋಳು ಹಿಡಿದದ್ದು ಗೊತ್ತಾಯಿತು. ಮುಂದಿನದು ಗೊತ್ತಾದದ್ದು ಚಾವಣಿಯ ಫ್ಯಾನು ನೋಡುತ್ತಿದ್ದೇನೆ ಎಂದು. ಆ ‘ಧಬ್’ ಸದ್ದನ್ನು ಮೂರು ದಿನ ಹೊರಗಿನಿಂದಲೇ ಕೇಳಿದ್ದೆ. ಒಳಗಿನಿಂದ ಕೇಳಿದರೆ ಅದು ಬೇರೆಯೇ.

ಶಾಲೆಗಳ ಮುಖ್ಯಸ್ಥರು ಗುರುಗಳ ಸುತ್ತ ನೆರೆದರು. ಗಟ್ಟಿ ಮ್ಯಾಟಿನ ಬಗ್ಗೆ ಇನ್ನು ಮುಂದೆ ಅಂಗಡಿಯಲ್ಲಿ ಯಾರ ಜೊತೆ ಮಾತಾಡಬೇಕು ಎಂದು ಅವರಲ್ಲೊಬ್ಬರು ಕೇಳಿದರು. ಪೋಸ್ಟ್‌ಮ್ಯಾನು ನನ್ನ ಹೆಂಡತಿಯ ಕಡೆ ಬೆರಳು ತೋರಿಸಿದ. ಗುರುಗಳು ತೋರಿಸಿದರು. ಹಲ್ಲಿನ ಡಾಕ್ಟರು ಸೊಂಟ ಬಿಟ್ಟು ಎರಡೂ ಕೈಯಲ್ಲಿ ತೋರಿಸಿದರು. ಅವಳು ಮಾತ್ರ ಬಿದ್ದಿದ್ದ ನನ್ನನ್ನೇ ನೋಡುತ್ತ ನಿಂತಿದ್ದಳು.

ನಾನೂ ಬಿದ್ದಲ್ಲಿಂದಲೇ, ಏಳಲು ಒಪ್ಪಿದ ಒಂದು ಕೈಯನ್ನು ಎತ್ತಿ, ಅವಳ ಕಡೆಗೇ ತೋರಿಸಿದೆ.