ಅಂಬಾದಾಸನ ಪಿಕಪ್ಪಿಗೆ ದಮ್ಮು ಹೋದದ್ದು

ಅಂಬಾದಾಸ ಆ ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡೇ.

"ಯಾವ ಮೇಸ್ತ್ರಿನೂ ನನ್ನ ಗಾಡಿ ಮುಟ್ಟಂಗಿಲ್ಲ! ಇದರ ನರನರಾನೂ ನನಗ ಗೊತ್ತದ. ಸಂಜೀಯೊಳಗ ಇದನ್ನ ಮತ್ತ ಹುಲಿ ಮಾಡ್ಲಿಲ್ಲಂದ್ರ ನನ್ನ ಹೆಸರು ಅಂಬಾದಾಸನೇ ಅಲ್ಲ!"

"ಹಂಗಾರ ಸಂಜಿಗಿ ನಿಮಗೇನಂತ ಕರೀಬೇಕ್ರಿ?" ಎಂದು ಒಳಗಿನಿಂದ ಹೆಂಡತಿ ಸುಮಂಗಲಾ ಕೇಳಿದಳು. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

ಗಂಡಹೆಂಡತಿ ಆಳಂದದ ಕಡೆಯಿಂದ ಪುಣೆಗೆ ಇಟ್ಟಿಗೆ ಹೊರಲು ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಈಗ ಸುಮಂಗಲಾ ಹಡಪಸರದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ತಮ್ಮ ಕಡೆಯ ಕೂಲಿಯವರಿಗೆ ಖಾನಾವಳಿ ನಡೆಸುತ್ತಿದ್ದಳು. ಅಂಬಾದಾಸ ಒಂದು ಹಳೆಯ ಪಿಕಪ್ಪಿನ ಮಾಲೀಕ, ಚಾಲಕ, ಹಮಾಲ ಮತ್ತು ಹೊಗಳುಭಟ. ವಾರಕ್ಕೆ ಮೂರು ಸಲ ಸೆಂಟ್ರಿಂಗ್ ಹಲಗೆ ಹೇರಿಕೊಂಡು, ದಿವೇ ಘಾಟ್ ಹತ್ತಿ, ಬಾರಾಮತಿಯಲ್ಲಿ ಕಟ್ಟಡ ಕಟ್ಟಿಸುತ್ತಿದ್ದ ಮನೋಹರ ಎಂಬ ಮರಾಠಿ ಮುಕಾದಮನಿಗೆ ಮುಟ್ಟಿಸುವುದು ಅವನ ಕೆಲಸ. ಆ ಒಂದು ಕೆಲಸದ ಮೇಲೆಯೇ ಅವನ ಮೀಸೆ ನಿಂತಿತ್ತು.

ಆದರೆ ಸಂಕ್ರಾಂತಿ ಕಳೆದ ಮೇಲೆ ಗಾಡಿಗೆ ಏನೋ ಆಯಿತು. ಆಕ್ಸಿಲರೇಟರನ್ನು ಇನ್ನು ತಗ್ಗಲು ಜಾಗವಿಲ್ಲ ಎನ್ನುವವರೆಗೆ ತುಳಿದರೂ ಅದು ಓಡುತ್ತಿರಲಿಲ್ಲ, ವಾಯುವಿಹಾರಕ್ಕೆ ಹೊರಟಂತೆ ನಡೆಯುತ್ತಿತ್ತು. ದಿನದಿಂದ ದಿನಕ್ಕೆ ದಮ್ಮು ಇಳಿಯುತ್ತಲೇ ಹೋಯಿತು. ಹೋದ ವಾರವಂತೂ ಘಾಟಿನಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ಎರಡು ಟ್ರಾಲಿ ಎಳೆಯುತ್ತಾ ಇವನನ್ನು ಹಿಂದೆ ಹಾಕಿತು! ಕಬ್ಬಿನ ಮೇಲೆ ಮಲಗಿದ್ದವನು ಕರುಣೆಯಿಂದ ಕೈ ಬೀಸಿದ. ಅಂದು ಒಂದೂವರೆ ತಾಸು ತಡವಾಗಿ ಹೋದ ಅಂಬಾದಾಸನಿಗೆ ಮನೋಹರ, "ಇನ್ನೊಂದು ಸಲ ತಡ ಆದರೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ" ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದ. ಬೈದಿದ್ದರೆ ವಾಸಿಯಿತ್ತು.

ಸರಿ, ಭಾನುವಾರದ ಮಹಾಯುದ್ಧ ಶುರುವಾಯಿತು. ಸ್ಪ್ಯಾನರು, ಪಕ್ಕಡ, ಸುತ್ತಿಗೆಗಳೊಂದಿಗೆ ಅಂಬಾದಾಸ ಬಾನೆಟ್ ಎತ್ತಿದ. ಮಹಡಿಯ ಮೇಲಿನ ಬಾಡಿಗೆದಾರ ಮಿಥುನ ಇಳಿದು ಬಂದ. ಮಂಡ್ಯದವನು, ಐಟಿ ಕಂಪನಿಯಲ್ಲಿ ಕೆಲಸ. ಜೀವಮಾನದಲ್ಲಿ ಸೈಕಲ್ಲಿನ ಚೈನೂ ಹಾಕಿದವನಲ್ಲ, ಕಲಿತದ್ದೆಲ್ಲ ಫೋನಿನಲ್ಲಿ ರಿಪೇರಿ ವಿಡಿಯೋ ನೋಡಿ.

"ಅಂಕಲ್, ಇದು ಸಿಂಪಲ್ಲು. ಎಲಿಮಿನೇಷನ್ ಮೆಥಡ್. ಒಂದೊಂದೇ ಕಾರಣ ತೆಗೀತಾ ಹೋದ್ರೆ ಲಾಸ್ಟಿಗೆ ಉಳಿಯೋದೇ ಪ್ರಾಬ್ಲಮ್ಮು!"

"ಲಾಸ್ಟಿಗಿ ಗಾಡೀನೇ ಉಳೀಲಿಲ್ಲಂದ್ರ?"

ಮಿಥುನ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ ತೆಗೆದ. ಅದನ್ನು ಗಾಡಿಗೆ ಸಿಕ್ಕಿಸಿದರೆ ರೋಗವೇನೆಂದು ಫೋನಿನಲ್ಲೇ ಬರುತ್ತದಂತೆ. ಸಿಕ್ಕಿಸುವ ತೂತು ಹುಡುಕಲು ಅವನು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ್ದೇ ತಡ, ಸುಮಂಗಲಾ ಬಾಗಿಲಿಗೆ ಓಡಿ ಬಂದಳು. "ಮಿಥುನಪ್ಪಾ, ಮದಲ ಉಣ್ಣು ಬಾ! ರೊಟ್ಟಿ ಆರಲತ್ತಾವ!" ಬಿಸಿ ರೊಟ್ಟಿ, ಎಣಗಾಯಿ ಎಂದಮೇಲೆ ಮಿಥುನ ಯಾವ ತೂತನ್ನು ಹುಡುಕಾನು? ಅಷ್ಟಕ್ಕೂ ಆ ಕಾಲದ ಗಾಡಿಗೆ ಅಂಥ ತೂತೇ ಇರಲಿಲ್ಲ.

ಮೊದಲು ಡೀಸೆಲ್ ಫಿಲ್ಟರ್ ಬದಲಾಯಿತು. ಆ ಭರದಲ್ಲಿ ಎದುರುಮನೆಯ ರಂಗೋಲಿಗೆ ಡೀಸೆಲ್ಲಿನ ಅಭಿಷೇಕವೂ ಆಯಿತು. ಆಮೇಲೆ ಏರ್ ಫಿಲ್ಟರ್. ಅದನ್ನು ಕೊಡವಿದ ಧೂಳಿಗೆ ಊಟಕ್ಕೆ ಕುಳಿತಿದ್ದ ಹನ್ನೆರಡು ಮಂದಿ ಒಟ್ಟಿಗೆ ಸೀನಿದರು. ಸೈಲೆನ್ಸರ್ ಕಟ್ಟಿರಬಹುದೆಂದು ಅದನ್ನೂ ಬಿಚ್ಚಿ ಎಂಜಿನ್ ಚಾಲೂ ಮಾಡಿದಾಗ ಇಡೀ ಗಲ್ಲಿಯೇ ಹೊರಗೆ ಬಂದು ನಿಂತಿತು. ಎಲ್ಲ ತಿರುಗಿ ಜೋಡಿಸಿದ ಮೇಲೆ ನಾಲ್ಕು ನಟ್ಟುಗಳು ಉಳಿದವು. "ಕಂಪನಿಯವರು ಹೆಚ್ಚಿಗಿ ಹಾಕಿರ್ತಾರ" ಎಂದು ಅಂಬಾದಾಸ ಅವನ್ನು ಜೇಬಿಗಿಳಿಸಿದ.

ವಿಚಿತ್ರವೆಂದರೆ, ಬಾನೆಟ್ಟಿನೊಳಗೆ ಕೈ ಹಾಕಿ ಆಕ್ಸಿಲರೇಟರಿನ ವಾಯರನ್ನು ಎಳೆದರೆ ಎಂಜಿನ್ ಗುಡುಗುತ್ತಿತ್ತು. "ಕೇಳ್ದ್ಯೇನು? ಹುಲಿ!" ಎಂದು ಅಂಬಾದಾಸ ಮೀಸೆ ತಿರುವುತ್ತಿದ್ದ. ಒಳಗೆ ಕುಳಿತು ಕಾಲಿನಿಂದ ತುಳಿದರೆ ಅದೇ ಹುಲಿ ಬೆಕ್ಕಾಗುತ್ತಿತ್ತು. ಹತ್ತು ಸಲ ಎಳೆದ, ಹತ್ತು ಸಲ ತುಳಿದ. ಹೊರಗೆ ಹುಲಿ, ಒಳಗೆ ಬೆಕ್ಕು!

"ಹೊರಿ ಬಿದ್ದರ ಎಳೀಲಕ್ಕ ಆಗವಲ್ದು. ಎಂಜಿನ್ ಸವದಾದ" ಎಂದು ಕೊನೆಗೆ ಅವನೇ ತೀರ್ಪು ಕೊಟ್ಟ.

ಆಮೇಲಿನ ಮೂರು ದಿನ ನಗುವಂಥದ್ದೇನೂ ನಡೆಯಲಿಲ್ಲ. ಅಂಬಾದಾಸ ಮೀಸೆ ತಿರುವುವುದನ್ನು ಬಿಟ್ಟ. ಎರಡು ರೊಟ್ಟಿ ತಿನ್ನುವವನು ಅರ್ಧಕ್ಕೇ ಕೈ ತೊಳೆದ. ಐವತ್ತಾರು ವಯಸ್ಸು ಅವನಿಗೆ ಆವರೆಗೆ ಬರೀ ಆಧಾರ್ ಕಾರ್ಡಿನಲ್ಲಿತ್ತು, ಈಗ ಮೊಣಕಾಲಿಗೆ ಬಂತು. ಸಂಜೆಯೆಲ್ಲ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಚಕ್ರವನ್ನೇ ನೋಡುತ್ತಿದ್ದ. ಅವನಿಗೆ ನಿಜಕ್ಕೂ ದುಃಖವಾಗಿತ್ತು. ಗಾಡಿ ಹೋದರೆ ಮತ್ತೆ ಇಟ್ಟಿಗೆ ಹೊರುವ ಶಕ್ತಿ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು, ಸುಮ್ಮನೆ ಕೂತು ಹೆಂಡತಿಯ ರೊಟ್ಟಿ ತಿನ್ನುವುದಂತೂ ಸಾವಿಗೆ ಸಮನಾಗಿತ್ತು.

"ಗುಜರಿಯವಗ ಹೇಳೀನಿ. ನಾಳಿಗಿ ಬರ್ತಾನ" ಎಂದ ಬುಧವಾರ. "ಗಾಡಿ ಜೋಡಿ ನನಗೂ ತೂಕಕ್ಕ ಹಾಕಿಬಿಡು. ಇಬ್ಬರದೂ ಒಂದೇ ಮಾಡೆಲ್."

ಸುಮಂಗಲಾ ಗಾಡಿಯ ಬಾಗಿಲವರೆಗೂ ಹೋಗಿ, ಹಿಡಿಕೆ ಮುಟ್ಟಿ, ತಿರುಗಿ ಒಲೆಯ ಮುಂದೆ ಬಂದು ಕೂತಳು.

ಮರುದಿನ ಗುಜರಿಯವನು ಬಂದು ಗಾಡಿಯ ಮೈಯನ್ನು ಸುತ್ತಿಗೆಯಿಂದ ಠಣ್ ಠಣ್ ಎಂದು ಬಡಿದು ನೋಡತೊಡಗಿದ. ಒಂದೊಂದು ಏಟಿಗೂ ಅಂಬಾದಾಸನ ಮುಖ ಸಣ್ಣದಾಗುತ್ತಿತ್ತು. ನಾಲ್ಕನೆಯ ಏಟಿಗೆ ಸುಮಂಗಲಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಬಡೀಬ್ಯಾಡೋ, ನಿಂದರು!" ಎಂದವಳೇ ಕ್ಯಾಬಿನ್ನಿನ ಬಾಗಿಲು ತೆಗೆದು, ಚಾಲಕನ ಕಾಲಡಿಯ ರಬ್ಬರ್ ಚಾಪೆಯನ್ನು ಸರ್ರನೆ ಎತ್ತಿದಳು.

ಆಕ್ಸಿಲರೇಟರಿನ ಕೆಳಗೆ, ನೆಲಕ್ಕೆ, ರಬ್ಬರ್ ಚಪ್ಪಲಿಯ ಅಟ್ಟೆಗಳನ್ನು ಕೊಯ್ದು ಒಂದರ ಮೇಲೊಂದು ಅಂಟಿಸಿತ್ತು. ಒಟ್ಟು ಮೂರು ಪದರು. ಪೆಡಲು ಅರ್ಧ ಇಳಿದು ಅದರ ಮೇಲೆ ಕೂತುಬಿಡುತ್ತಿತ್ತು. ಎಂಜಿನ್ನಿನ ನರನರ ಬಲ್ಲವನು ಚಾಪೆಯ ಕೆಳಗೆ ಒಮ್ಮೆಯೂ ನೋಡಿರಲಿಲ್ಲ. ಕ್ಯಾಬಿನ್ ಗುಡಿಸುವುದು, ಅಮಾವಾಸ್ಯೆಗೆ ಒರೆಸಿ ಪೂಜೆ ಮಾಡುವುದು ಹೆಂಗಸಿನ ಕೆಲಸವೆಂದು ಹದಿನಾಲ್ಕು ವರ್ಷದಿಂದ ಅದನ್ನು ಅವಳಿಗೇ ಬಿಟ್ಟಿದ್ದ.

"ಇದೇನಿದು?" ಅಂಬಾದಾಸ ಬಗ್ಗಿ ಬೆರಳಿನಿಂದ ಒತ್ತಿ ನೋಡಿದ.

"ನಿಮ್ಮವೇ ಹಳೀ ಚಪ್ಪಲ್ರಿ. ನಾನೇ ಹಚ್ಚೀನಿ."

"ಯಾಕ?"

"ಸಂಕ್ರಾಂತಿ ಆದಮ್ಯಾಲ ಒಂದಿನಾ ಘಾಟಿನಾಗ ಗ್ವಾಡಿಗಿ ತಿಕ್ಕಿಸ್ಕೊಂಡು ಬಂದ್ರಿ. ಒಂದು ಗೇಣು ತಪ್ಪಿದ್ರ ಕೆಳಗ ಹೋಗ್ತಿದ್ದೆ ಅಂತ ಉಣ್ಣವರ ಮುಂದ ನಕ್ಕೋತ ಹೇಳಿದ್ರಿ. ಎಲ್ಲಾರೂ ನಕ್ಕರು. ನಾ ಒಳಗ ರೊಟ್ಟಿ ಬಡೀಲತ್ತಿದ್ದೆ. ಒಂದರ ಹಿಂದೊಂದು ಮೂರು ರೊಟ್ಟಿ ಹರದ್ವು. ಅವತ್ತ ಮದಲನೇದು ಹಚ್ಚಿದೆ."

"ಎರಡನೇದು?"

"ಎರಡೇ ತಾಸಿನಾಗ ಬಾರಾಮತಿ ಮುಟ್ಟಿದೆ ಅಂತ ಹೇಳಿದ್ರಲ್ಲ, ಅವತ್ತಿಂದು."

"ಮೂರನೇದು?"

"ಪೊಲೀಸರ ಜೀಪಿಗಿ ಹಿಂದ ಹಾಕಿದೆ ಅಂದ್ರಿ."

"ಅಯ್ಯ ನಿನ್ನ! ಅವೆರಡೂ ಸುಳ್ಳು ಹೇಳಿದ್ನಲ್ಲೇ! ಗಾಡಿ ಓಡಲಾರದ್ದಕ್ಕ ಮರ್ಯಾದಿ ಹೋಗ್ತದಂತ ಹೇಳಿದ್ದೆ!"

ಹೀಗೆ ಮಹಾನುಭಾವ ತಾನು ಹೇಳಿದ ಒಂದೊಂದು ಸುಳ್ಳಿಗೂ ಒಂದೊಂದು ಪದರು ಸಂಪಾದಿಸಿದ್ದ. ಗುಜರಿಯವನು ಸುತ್ತಿಗೆ ಹೆಗಲಿಗೇರಿಸಿ ನಗುತ್ತಾ ಹೋದ. "ಆಂಟಿ, ಇದು ಯಾವ ವಿಡಿಯೋದಲ್ಲೂ ಇರ್ಲಿಲ್ಲ" ಎಂದು, ಸುತ್ತಿಗೆಯ ಸದ್ದಿಗೆ ಇಳಿದು ಬಂದಿದ್ದ ಮಿಥುನ ಅಂಬಾದಾಸನ ಮುಖ ನೋಡಿ ಮಹಡಿ ಹತ್ತಿಬಿಟ್ಟ.

ಅಂಬಾದಾಸ ಮೂರು ಪದರುಗಳನ್ನೂ ಚಾಕುವಿನಿಂದ ಕಿತ್ತು ಬೀದಿಗೆಸೆದ. ಸಂಜೆ ಮನೋಹರನಿಗೆ ಫೋನ್ ಮಾಡಿ ಇನ್ನೊಂದೇ ಒಂದು ಅವಕಾಶ ಕೇಳಿಕೊಂಡ. ಶುಕ್ರವಾರ ಬೆಳಿಗ್ಗೆ, ಮನೋಹರ ಕೊಟ್ಟ ಕೊನೆಯ ಅವಕಾಶದ ಹಲಗೆಗಳನ್ನು ಹೇರಿ, ಪಕ್ಕದ ಬಾಗಿಲು ತೆರೆದು ಹಿಡಿದ.

"ಹತ್ತು. ಹುಲಿ ಹ್ಯಾಂಗ ಓಡ್ತದ ಕಣ್ಣಾರೆ ನೋಡು. ಹತ್ತು ಗಂಟೆಕ್ಕ ಬಾರಾಮತ್ಯಾಗ ಇರ್ತೀವಿ!"

ಸುಮಂಗಲಾ ಸೆರಗು ಬಿಗಿದುಕೊಂಡು ಹತ್ತಿ ಕೂತಳು. ಗಾಡಿ ನಿಜಕ್ಕೂ ಹುಲಿಯಾಗಿತ್ತು. ಹಡಪಸರ ದಾಟುವುದರೊಳಗೆ ಎರಡು ಟೆಂಪೋ, ಒಂದು ಬಸ್ಸು ಹಿಂದೆ ಬಿದ್ದವು. ಅಂಬಾದಾಸ ಶಿಳ್ಳೆ ಹಾಕಿದ. ಘಾಟ್ ಶುರುವಾಯಿತು. ಒಂದು ತಿರುವು ಬಂತು, ಕಲ್ಲಿನ ಗೋಡೆಯ ಆಚೆ ಬರೀ ಆಕಾಶ. ಸುಮಂಗಲಾ ಎರಡೂ ಕೈಯಿಂದ ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿದಳು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಇನ್ನೂ ಇತ್ತು. ತುಟಿ ಅಲುಗುತ್ತಿತ್ತು.

ಈ ತಿರುವನ್ನು ಅವನು ವಾರಕ್ಕೆ ಮೂರು ದಿನ ದಾಟುತ್ತಿದ್ದ. ಇವಳು ಮನೆಯಲ್ಲಿ ಕೂತು ದಿನಾ ದಾಟುತ್ತಿದ್ದಾಳೆ ಎಂಬುದು ಅವನಿಗೆ ಆಗ ಹೊಳೆಯಿತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಆ ರಸ್ತೆಯ ಭಯವಾಯಿತು.

ಕಾಲಡಿಯಲ್ಲಿ ಏನೂ ಇರಲಿಲ್ಲ. ಪೆಡಲು ನೆಲದವರೆಗೂ ಇಳಿಯಬಹುದಿತ್ತು. ಕಾಲು ಮಾತ್ರ ಅರ್ಧಕ್ಕೇ ನಿಂತುಬಿಟ್ಟಿತು. ತುಳಿಯಬೇಕೆಂದು ಎರಡು ಸಲ ನೋಡಿದ, ಆಗಲಿಲ್ಲ. ಹಿಂದೆ ಹಾರ್ನುಗಳ ಮೆರವಣಿಗೆಯೇ ಹೊರಟಿತು. ಟೆಂಪೋಗಳು, ಆ ಬಸ್ಸು, ಎಲ್ಲವೂ ಒಂದೊಂದಾಗಿ ಬೈಯುತ್ತಾ ಮುಂದೆ ಹೋದವು.

ಘಾಟಿನ ತುದಿ ಮುಟ್ಟಿದಾಗ ಫೋನ್ ಬಂತು. ಅಂಬಾದಾಸ ಗಾಡಿಯನ್ನು ಬದಿಗೆ ನಿಲ್ಲಿಸಿ ಕಿವಿಗಿಟ್ಟುಕೊಂಡ. ಹತ್ತಾಗಲು ಬಂದಿತ್ತು, ಬಾರಾಮತಿ ಇನ್ನೂ ಬಹಳ ದೂರವಿತ್ತು.

"ಅಂಬಾದಾಸ, ಗಾಡಿ ಠೀಕ್ ಝಾಲೀ ನಾ?" ಗಾಡಿ ಸರಿಹೋಯಿತಲ್ಲವೇ ಎಂದು ಮನೋಹರ ಮರಾಠಿಯಲ್ಲಿ ಕೇಳಿದ.

ಅಂಬಾದಾಸ ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ಆಗಷ್ಟೇ ಕಣ್ಣು ತೆರೆದಿದ್ದಳು.

"ನಾಹೀ ಸಾಹೇಬ" ಎಂದ. "ಗಾಡಿ ಆತಾ ಮ್ಹಾತಾರೀ ಝಾಲೀ."

ಗಾಡಿಗೆ ಮುಪ್ಪು ಬಂತೆಂದು ಕೇಳಿಸಿಕೊಂಡ ಮನೋಹರ, ಹಾಗಾದರೆ ಸೋಮವಾರದಿಂದ ಬೇರೆ ಗಾಡಿಗೆ ಹೇಳುತ್ತೇನೆ ಎಂದು ಮೆತ್ತಗೆ ಫೋನ್ ಇಟ್ಟ. ಅಂಬಾದಾಸ ಫೋನನ್ನು ಜೇಬಿಗೆ ಹಾಕಿ ಸ್ಟೇರಿಂಗ್ ಹಿಡಿದ. ಎಂಜಿನ್ ದಿವಿನಾಗಿ ಓಡುತ್ತಲೇ ಇತ್ತು.

ಇಪ್ಪತ್ತೆರಡು ವರ್ಷದಲ್ಲಿ ಸುಮಂಗಲಾಗೆ ಮರಾಠಿ ಚೆನ್ನಾಗಿ ಬಂದಿತ್ತು. ಅವಳು ಸೆರಗಿನಿಂದ ಡ್ಯಾಶ್‌ಬೋರ್ಡಿನ ಧೂಳು ಒರೆಸಿದಳು.

"ಪಾಪ, ಗಾಡಿ ಮ್ಯಾಲ ಯಾಕ ಹಾಕ್ತೀರಿ?" ಎಂದಳು.