ಹನ್ನೆರಡು ಕಣದ ಲಂಗ

ತಪ್ಪು ಮಾಡಿದವರು ಸಾಮಾನ್ಯವಾಗಿ ‘ಗೊತ್ತಿಲ್ಲದೆ ಮಾಡಿದೆ’ ಎನ್ನುತ್ತಾರೆ. ನಾನೂ ಬಹಳ ದಿನ ಹಾಗೆಯೇ ಹೇಳಿಕೊಂಡು ತಿರುಗಿದೆ. ವಯಸ್ಸಾದ ಮೇಲೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಸೂರಿನ ಕೆಳಗೆ ಒಬ್ಬ ಹೆಂಗಸಿನ ಜೊತೆ ಬಾಳಿ, ಅವಳ ಟ್ರಂಕಿನಲ್ಲಿ ಏನಿದೆ, ಯಾಕಿದೆ ಎಂದು ಒಂದು ದಿನವೂ ಕೇಳದವನು ‘ಗೊತ್ತಿರಲಿಲ್ಲ’ ಎಂದರೆ ಅದು ಸಮಜಾಯಿಷಿಯಲ್ಲ, ಅದೇ ಇನ್ನೊಂದು ತಪ್ಪು. ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಮಾದೇವಮ್ಮನಿಗೆ ಅವಳ ತಾಯಿ ಕೊನೆಯದಾಗಿ ಕೊಟ್ಟ ರವಿಕೆ ಕಣವನ್ನು, ಉಳಿಕೆ ಬಟ್ಟೆ ಎಂದು ತಿಳಿದು ಕತ್ತರಿಸಿ, ಮೊಮ್ಮಗಳ ಲಂಗಕ್ಕೆ ಸೇರಿಸಿ ಹೊಲಿದವನು ನಾನು. ಅದರ ಜೊತೆ ಇನ್ನೂ ಹನ್ನೊಂದು ಕಣ ಕತ್ತರಿಸಿದೆ. ಅವುಗಳಿಗೂ ವಾರಸುದಾರರಿದ್ದರೆಂದು ಆಮೇಲೆ ತಿಳಿಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದುಡಿದದ್ದು ಬಸ್ಸಿನಲ್ಲಿ, ಕಂಡಕ್ಟರಾಗಿ. ಹೆಚ್ಚಿನ ವರ್ಷಗಳೆಲ್ಲ ಚಾಮರಾಜನಗರ–ಗುಂಡ್ಲುಪೇಟೆ ರೂಟಿನಲ್ಲೇ ಕಳೆದವು. ತೊಂಬತ್ತರ ದಶಕದ ಶುರುವಿನಲ್ಲಿ ನಿವೃತ್ತನಾಗಿ ಚಾಮರಾಜನಗರದ ಮನೆಯಲ್ಲಿ ಕುಳಿತೆ. ಕುಳಿತೆ ಎಂದೆನಲ್ಲ, ಅದೇ ಸುಳ್ಳು. ನಿಂತೇ ಅಭ್ಯಾಸವಾದವನಿಗೆ ಕೂರುವುದು ಬಹಳ ಕಷ್ಟದ ಕೆಲಸ. ಮೊದಲ ಆರು ತಿಂಗಳು ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡು, ಬಂದವರಿಗೆಲ್ಲ ‘ಒಳಗೆ ಹೋಗಿ, ಒಳಗೆ ಹೋಗಿ’ ಎನ್ನುತ್ತ ನಿಂತಿದ್ದೆ. ಒಂದು ದಿನ ಮಾದೇವಮ್ಮ ಕಸ ಗುಡಿಸುತ್ತ ಬಂದವಳು, “ಇಲ್ಲೇನ್ ಬಸ್ ನಿಂತದಾ? ಬಾಗಲು ಬುಟ್ಟು ಆಚೆಗ್ ನಡೀರಿ, ಇಲ್ಲಾ ಏನಾರ ಕೆಲಸ ಮಾಡಿ” ಎಂದಳು. ಹಜಾರದ ಮೂಲೆಯಲ್ಲಿ ನಮ್ಮ ಮಗಳು ಸುಧಾ ಮದುವೆಗೆ ಮುಂಚೆ ಹೊಲಿಗೆ ಕಲಿಯುತ್ತಿದ್ದ ಕಾಲು ಮೆಷಿನ್ನು ಇತ್ತು. ಅವಳು ಗುಂಡ್ಲುಪೇಟೆಗೆ ಸೊಸೆಯಾಗಿ ಹೋದ ಮೇಲೆ ಅದು ಒಗೆದ ಬಟ್ಟೆ ಮಡಿಸಿಡುವ ಮೇಜಾಗಿತ್ತು. ನಾನು ಬಟ್ಟೆಯನ್ನು ಕೆಳಗಿಳಿಸಿ, ಎಣ್ಣೆ ಬಿಟ್ಟು, ತುಳಿಯಲು ಕುಳಿತೆ.

ಮೆಷಿನ್ನಿಗೂ ನನಗೂ ಮೊದಮೊದಲು ಹೊಂದಿಕೆಯಾಗಲಿಲ್ಲ. ನಾನು ಮುಂದಕ್ಕೆ ಎಂದರೆ ಅದು ಹಿಂದಕ್ಕೆ ತಿರುಗಿ ದಾರ ಕಿತ್ತು ಕೈಗೆ ಕೊಡುತ್ತಿತ್ತು. ಬಸ್ ನಿಲ್ದಾಣದ ಬಳಿ ಅಂಗಡಿ ಇಟ್ಟಿದ್ದ ಟೈಲರ್ ಸಿದ್ದರಾಜು ನನ್ನ ಜೊತೆ ಓದಿದವನು. ಅವನು ಕತ್ತರಿಸಿ ಉಳಿದ ಚೂರುಪಾರು ಬಟ್ಟೆಯನ್ನು ಒಂದು ಚೀಲದಲ್ಲಿ ತುಂಬಿಕೊಟ್ಟು, ಎರಡು ದಿನ ಪಾಠವನ್ನೂ ಹೇಳಿದ. ಎರಡು ವರ್ಷದ ಮೊಮ್ಮಗಳು ಭವ್ಯಳಿಗೆಂದು ನಾನು ಮೊದಲು ಹೊಲಿದದ್ದು ಕುಲಾವಿ. ಅದು ಮಗುವಿನ ತಲೆಗೆ ಹಿಡಿಸಲಿಲ್ಲ. ಮಾದೇವಮ್ಮ ಅದನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ತೊಡಿಸಿದಳು, ಅಲ್ಲಿ ಅದು ಅಳತೆ ತೆಗೆದು ಹೊಲಿದಂತೆ ಕೂತಿತು. ಎರಡನೆಯದು ಬಟ್ಟೆ ಚೆಂಡು. ಅದು ಎಲ್ಲಿ ಹಾಕಿದರೆ ಅಲ್ಲೇ ಕೂರುವ ಚೆಂಡಾಯಿತು, ಉರುಳುವ ಯೋಚನೆಯೇ ಅದಕ್ಕಿರಲಿಲ್ಲ. ಮೂರನೆಯದು ಆನೆ. ಬೂದು ಬಣ್ಣದ ಪ್ಯಾಂಟ್ ಬಟ್ಟೆಯಲ್ಲಿ ಮೂರು ದಿನ ಕಷ್ಟಪಟ್ಟು ಹೊಲಿದು, ಹತ್ತಿ ತುಂಬಿ, ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ ಮಗುವಿನ ಕೈಗಿಟ್ಟೆ. “ಏನಮ್ಮಿ ಇದು, ಹೇಳು?” ಎಂದೆ. ಮಗು ತಿರುಗಿಸಿ ಮುರುಗಿಸಿ ನೋಡಿ, “ಇಲಿ” ಎಂದಿತು. ಆದರೂ ಅವತ್ತಿನಿಂದ ಆ ಇಲಿಯ ಕಿವಿ ಬಾಯಿಗಿಟ್ಟುಕೊಳ್ಳದೆ ಮಗು ಮಲಗುತ್ತಿರಲಿಲ್ಲವಂತೆ. ಕಿವಿ ಒದ್ದೆಯಾಗಿ ವಾಸನೆ ಬರುತ್ತದೆ ಎಂದು ಸುಧಾ ದೂರಿದಾಗ ನನಗೆ ಆದಷ್ಟು ಸಂತೋಷ, ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಮೇಲಧಿಕಾರಿ ಬೆನ್ನು ತಟ್ಟಿದಾಗಲೂ ಆಗಿರಲಿಲ್ಲ. ತಟ್ಟಿದವರೂ ಕಡಿಮೆ ಎನ್ನುವುದು ಬೇರೆ ಮಾತು.

ಮಗುವಿಗೆ ಮೂರು ತುಂಬುವ ಹೊತ್ತಿಗೆ ಕಿವಿ ಚುಚ್ಚಿಸುವ ಶಾಸ್ತ್ರ ಇಟ್ಟುಕೊಂಡರು. ಮಾದೇವಮ್ಮ ಮಗಳಿಗೆ ನೆರವಾಗಲು ವಾರ ಮುಂಚೆಯೇ ಗುಂಡ್ಲುಪೇಟೆಗೆ ಹೊರಟಳು. ಮನೆಯಲ್ಲಿ ನಾನು, ಮೆಷಿನ್ನು, ಕತ್ತರಿ. ಶಾಸ್ತ್ರದ ದಿನ ಮೊಮ್ಮಗಳು ನನ್ನ ಕೈಯಲ್ಲಿ ಹೊಲಿದ ಬಣ್ಣಬಣ್ಣದ ಲಂಗ ಉಡಬೇಕು ಎಂಬ ಆಸೆ ಹುಟ್ಟಿತು. ಸಿದ್ದರಾಜುವಿನ ಅಂಗಡಿಗೆ ಓಡಿದೆ. ಅವನು ಸೂಜಿಯಿಂದ ಕಣ್ಣು ತೆಗೆಯದೆ, “ಚೂರು ಬಟ್ಟೆನೆಲ್ಲ ಈಗ ದಿಂಬು ತುಂಬೋರು ತಗೊಂಡ್ ಓಗ್ತಾರೆ ಕಣ್ಲಾ. ನಿನ್ ಹೆಂಡ್ತಿ ಟ್ರಂಕ್ ತಗ್ದು ನೋಡು. ಹೆಂಗಸ್ರ ಟ್ರಂಕಲ್ಲಿ ಇಲ್ದಿರೋ ಬಟ್ಟೆ ನನ್ ಅಂಗಡೀಲಿ ಇದ್ದದಾ?” ಎಂದ. ನಾನು ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ಸ್ವಲ್ಪ ಹೊರಿಸುತ್ತಿದ್ದೇನೆ.

ಟ್ರಂಕು ತೆಗೆದರೆ ಒಂದು ಬದಿಗೆ ಸೀರೆಗಳು, ಇನ್ನೊಂದು ಬದಿಗೆ ಚೌಕಾಕಾರವಾಗಿ ಮಡಿಸಿದ ಸಣ್ಣ ಬಟ್ಟೆಗಳ ರಾಶಿ. ನಲವತ್ತಕ್ಕೆ ಕಡಿಮೆಯಿರಲಿಲ್ಲ. ಒಂದರಂತೆ ಒಂದಿಲ್ಲ, ಒಂದೂ ಮುಕ್ಕಾಲು ಮೀಟರಿಗಿಂತ ಹೆಚ್ಚು ಉದ್ದವಿಲ್ಲ. ಕೆಲವಕ್ಕೆ ಅರಿಶಿನ ಮೆತ್ತಿತ್ತು. ನಾನು ವಿಚಾರ ಮಾಡಿದೆ: ಇವು ಬೇಕಾದವಾಗಿದ್ದರೆ ಇಷ್ಟರಲ್ಲಿ ಹೊಲಿಸಿ ತೊಡುತ್ತಿದ್ದಳು, ತೊಟ್ಟಿಲ್ಲ, ಆದ್ದರಿಂದ ಬೇಡವಾದವು. ಎಸ್ಸೆಸ್ಸೆಲ್ಸಿ ಓದಿದವನ ತರ್ಕ ಹೀಗಿರುತ್ತದೆ. ರಟ್ಟಿನಿಂದ ಮೇಲೆ ಕಿರಿದು ಕೆಳಗೆ ಅಗಲವಾಗಿ ಒಂದು ಮಾದರಿ ಮಾಡಿಕೊಂಡು, ಹನ್ನೊಂದು ಬಣ್ಣ ಆರಿಸಿ, ಒಂದೊಂದರಿಂದ ಒಂದೊಂದು ಪಟ್ಟಿ ಕತ್ತರಿಸಿದೆ. ಉಳಿದ ತುಂಡುಗಳನ್ನು ಅಚ್ಚುಕಟ್ಟಾಗಿ ಮಡಿಸಿ ಎಲ್ಲಿದ್ದವೋ ಅಲ್ಲೇ ಇಟ್ಟೆ. ನನ್ನ ಪ್ರಾಮಾಣಿಕತೆಯನ್ನು ಕಂಡು ನನಗೇ ಹೆಮ್ಮೆಯಾಯಿತು. ತೀರಾ ತಳದಲ್ಲಿ ಬೇರೆಯಾಗಿ ಒಂದು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕಣವೊಂದಿತ್ತು. ಕೈಮಗ್ಗದ ದಪ್ಪ ನೂಲು, ಅಚ್ಚ ಹಸಿರು, ಅಂಚಿನಲ್ಲಿ ಅರಿಶಿನ ಬಣ್ಣದ ಒಂದೇ ಗೆರೆ. ಬಟ್ಟೆ ಅಂದರೆ ಇದು ಎಂದುಕೊಂಡು ಅದನ್ನೂ ಕತ್ತರಿಸಿ ಹನ್ನೆರಡನೆಯ ಪಟ್ಟಿಯಾಗಿ ಲಂಗದ ಮುಂಭಾಗಕ್ಕೇ ಇಟ್ಟೆ. ಬೇರೆಯಾಗಿ ಸುತ್ತಿ ತಳದಲ್ಲಿ ಯಾಕಿಟ್ಟಿದ್ದಾಳೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಬಸ್ಸಿನಲ್ಲಿ ಹೆಂಗಸರು ಮಡಿಲಲ್ಲಿ ಬಚ್ಚಿಟ್ಟು ತರುತ್ತಿದ್ದ ಕೋಳಿಮರಿಯನ್ನು ಕಂಡುಹಿಡಿದು ಲಗೇಜ್ ಟಿಕೆಟ್ ಹರಿದವನು ನಾನು.

ಗೊತ್ತಿಲ್ಲದ ಗಂಡಸರಿಗಾಗಿ ಕಣದ ವಿಷಯ ಹೇಳಬೇಕು. ಕಣ ಎಂದರೆ ಒಂದು ರವಿಕೆಗಾಗುವಷ್ಟು ಬಟ್ಟೆ. ಮನೆಗೆ ಬಂದ ಮುತ್ತೈದೆಗೆ ಹೊರಡುವಾಗ ಅರಿಶಿನ ಕುಂಕುಮ, ಎಲೆಅಡಿಕೆಯ ಜೊತೆ ಅದನ್ನು ಕೊಡುತ್ತಾರೆ. ಪಡೆದವಳು ಎಲ್ಲವನ್ನೂ ಹೊಲಿಸಿಕೊಳ್ಳುವುದಿಲ್ಲ. ಮುಂದೆ ತನ್ನ ಮನೆಗೆ ಬಂದವಳಿಗೆ ಕೊಡುತ್ತಾಳೆ. ಹೀಗೆ ಕಣಗಳು ಊರಿಂದೂರಿಗೆ ಓಡಾಡುತ್ತಿರುತ್ತವೆ. ಇದರಲ್ಲಿ ಒಂದೇ ಕಟ್ಟುನಿಟ್ಟು: ಯಾರು ಕೊಟ್ಟರೋ ಅವರಿಗೆ ತಿರುಗಿ ಹೋಗಬಾರದು, ಅವರ ಕಣ್ಣಿಗೂ ಬೀಳಬಾರದು. ಯಾವುದು ಯಾರದ್ದು, ಯಾವಾಗ ಬಂತು ಎಂಬುದೆಲ್ಲ ಹೆಂಗಸರ ತಲೆಯೊಳಗಿರುತ್ತದೆ. ನಮ್ಮ ಡಿಪೋದ ಪುಸ್ತಕಗಳಲ್ಲೂ ಅಷ್ಟು ಚೊಕ್ಕ ವಿವರ ಇರಲಿಲ್ಲ.

ಶಾಸ್ತ್ರದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಹಳೇ ಪರಿಚಯದ ಪ್ರಯಾಣಿಕರಿಗೆಲ್ಲ ಲಂಗ ಬಿಡಿಸಿ ತೋರಿಸಿಕೊಂಡು ಗುಂಡ್ಲುಪೇಟೆ ತಲುಪಿದೆ. ಭವ್ಯ ಲಂಗ ಉಟ್ಟು ಗಿರಗಿರನೆ ತಿರುಗಿದಳು, ಲಂಗ ಛತ್ರಿಯಂತೆ ಬಿಚ್ಚಿಕೊಂಡಿತು. ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದ ಮಾದೇವಮ್ಮ ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತು ನೋಡಿ, “ಚೆನ್ನಾಗದ” ಎಂದು ತಟ್ಟೆಯ ಸಮೇತ ಒಳಕ್ಕೆ ಹೋದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಅಕ್ಕಸಾಲಿ ಬಂದು ವರಸೆಯಲ್ಲಿ ಸೋದರಮಾವನಾಗುವವನೊಬ್ಬನ ತೊಡೆಯ ಮೇಲೆ ಕೂತ ಮಗುವಿನ ಕಿವಿ ಚುಚ್ಚಿದ. ಮಗು ಸೂರು ಹಾರಿಹೋಗುವಂತೆ ಅತ್ತಿತು. ಸಮಾಧಾನ ಮಾಡಲು ಹೆಂಗಸರೆಲ್ಲ ಸುತ್ತ ಕೂತರು. ಚಂದಕವಾಡಿಗೆ ಕೊಟ್ಟಿದ್ದ ನನ್ನ ತಂಗಿ ಪುಟ್ಟಮ್ಮ ಲಂಗ ಹಿಡಿದುಕೊಂಡು, “ಅಳಬ್ಯಾಡ ಕಣಮ್ಮಿ, ನಿನ್ ಲಂಗದಲ್ಲಿ ಎಷ್ಟ್ ಬಣ್ಣ ಅವೆ ನೋಡು. ಇದು ಕೆಂಪು, ಇದು ಹಳದಿ, ಇದು ನವಿಲು ಬಣ್ಣ...” ಎಂದವಳು ಅಲ್ಲಿಗೇ ನಿಂತಳು. “ಇದು ನಾನು ನಮ್ಮ ಅತ್ತಿಗೆಗೆ ಕೊಟ್ಟ ಕಣ ಅಲ್ವಾ?”

“ಯಾವ್ದು, ನವಿಲಿಂದಾ?” ಎಂದು ಬಗ್ಗಿದವಳು ತೆರಕಣಾಂಬಿಯ ಗೌರಮ್ಮ, ಮಾದೇವಮ್ಮನ ಅಣ್ಣನ ಹೆಂಡತಿ. “ಅದು ನಾನು ಕೊಟ್ಟದ್ದು ಕಣ್ ಪುಟ್ಟಮ್ಮ.”

“ನೀವ್ಯಾವಾಗ ಕೊಟ್ರಿ ನಮ್ಮ ಅತ್ತಿಗೆಗೆ?”

“ನಾನ್ಯಾಕೆ ಅವಳಿಗ್ ಕೊಡ್ಲಿ? ನಿಂಗೇ ಕೊಟ್ಟದ್ದು. ಓದ ವರ್ಷ ನಮ್ಮನೆಗ್ ಬಂದಿದ್ಯಲ್ಲ, ಹೊರಡುವಾಗ.”

ಪುಟ್ಟಮ್ಮ ಮಗುವಿನ ಮೂಗು ಒರೆಸತೊಡಗಿದಳು. ಅದು ಆಗಲೇ ಒರೆಸಿದ ಮೂಗು. ಗೌರಮ್ಮ ಗೆದ್ದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿರುವಾಗ, ಅಲ್ಲೇ ಇದ್ದ ನನ್ನ ಮಗಳು ಸುಧಾ ಬಹಳ ಸಹಾಯ ಮಾಡುವವಳಂತೆ ಗೌರಮ್ಮನಿಗೆ, “ಅತ್ತೆ, ಅದನ್ನ ಅಮ್ಮ ಇಲ್ಲೇ ನಮ್ ಪೇಟೆ ಅಂಗಡೀಲಿ ತಗೊಂಡು ನಿಮಗೆ ಕೊಟ್ಟಿದ್ದಲ್ವಾ? ಬಣ್ಣ ಆರ್ಸಿದ್ದು ನಾನೇ” ಎಂದಳು. ಗುಂಡ್ಲುಪೇಟೆಯಲ್ಲಿ ಹತ್ತಿ, ತೆರಕಣಾಂಬಿಯಲ್ಲಿ ಇಳಿದು, ಚಂದಕವಾಡಿಗೆ ಹೋಗಿ, ಅಲ್ಲಿಂದ ಚಾಮರಾಜನಗರಕ್ಕೆ ಬಂದು, ಈಗ ಮತ್ತೆ ಗುಂಡ್ಲುಪೇಟೆ. ಆ ಕಣ ಟ್ರಿಪ್ಪು ಮುಗಿಸಿತ್ತು. ನಾನು ಇದನ್ನು ಜೋರಾಗಿಯೇ ಹೇಳಿದೆ. ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ, ಉಳಿದ ಪಟ್ಟಿಗಳನ್ನು ಒಂದೊಂದಾಗಿ ನೋಡಲು ಶುರುಮಾಡಿದರು.

ಮಾತು ಬದಲಾಯಿಸಲೆಂದು ಲಂಗದ ಮುಂಭಾಗಕ್ಕೆ ಕೈ ಹಾಕಿದ ಗೌರಮ್ಮ ಇದ್ದಕ್ಕಿದ್ದಂತೆ ದನಿ ಇಳಿಸಿದಳು. “ಮಾದೇವಿ, ಇದು ನಿಮ್ಮವ್ವ ಕೊಟ್ಟದ್ದು. ಇದನ್ನೂ ಕತ್ತರ್ಸಿದ್ರಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಮಾದೇವಮ್ಮ, ಮುಖದಲ್ಲಿ ಏನೂ ತೋರದೆ, “ನಾನೇ ಕತ್ತರ್ಸಿ ಅಂದಿದ್ದೆ ಕಣತ್ತಿಗೆ. ಮಗೀಗಲ್ದೆ ಇನ್ಯಾರ್ಗೆ? ಏಳಿ, ಎಲೆ ಹಾಕ್ತೀವಿ” ಎಂದಳು. ಅವಳು ನನಗಾಗಿ ಹೇಳಿದ ಸುಳ್ಳುಗಳಲ್ಲಿ ನಾನು ಕಿವಿಯಾರೆ ಕೇಳಿದ್ದು ಅದೊಂದೇ. ಆ ಹೊತ್ತಿನ ಊಟದಲ್ಲಿ ಏನೇನಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಎರಡು ದಿನ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ವಾಪಸು ಹೊರಟೆವು. ತೆರಕಣಾಂಬಿ ದಾಟುವವರೆಗೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ದಾಟಿದ ಮೇಲೆ ಆ ಹಸಿರು ಕಣದ ವಿಷಯ ನಾನೇ ಕೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ನನಗೆ ಅಭ್ಯಾಸವಿತ್ತು. “ನಮ್ಮವ್ವ ಬಾಗ್ಲಲ್ಲಿ ನಿಂತು ಕುಂಕುಮ ಇಟ್ಟು ಕೊಟ್ಳು. ಮುಂದಿನ್ ವಾರ ಅವ್ವನೇ ಇಲ್ಲ. ಹೊಲಿಸ್ಕೊಂಡ್ರೆ ತೊಟ್ಟು ತೊಟ್ಟು ಹರಿದೋಗ್ತದಲ್ಲ, ಅದಕ್ಕೆ ಹಂಗೇ ಮಡಗಿದ್ದೆ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಆ ನವಿಲಿಂದು ತಿರುಗಿ ಬಂದದ್ದು ನಂಗೆ ಆವತ್ತೇ ಗೊತ್ತಾಗಿತ್ತು. ಯಾರಿಗೂ ಕೊಡ್ದೆ ಇಟ್ಟಿದ್ದೆ, ಅವರಿಬ್ರಿಗೂ ನಾಚಿಕೆ ಆಗಬಾರ್ದು ಅಂತ” ಎಂದಳು. ಒಂದು ಟ್ರಂಕಿನಲ್ಲಿ ಅವಳು ಎಷ್ಟು ಜನರ ಮಾನ ಮಡಿಸಿಟ್ಟಿದ್ದಳೋ, ನಾನು ಒಂದೇ ವಾರದಲ್ಲಿ ಎಲ್ಲವನ್ನೂ ಬಿಚ್ಚಿ ಹರಡಿದ್ದೆ.

ಮಾಡಿದ್ದನ್ನು ಸರಿಪಡಿಸಬೇಕಲ್ಲ. ಮರುವಾರ ಲಾಡಿ ಬಿಗಿಯಾಗಿದೆ ಎಂದು ನೆಪ ಹೇಳಿ ಮಗಳ ಮನೆಯಿಂದ ಲಂಗ ತಂದೆ. ಒಂದು ಮಧ್ಯಾಹ್ನವೆಲ್ಲ ಕೂತು ಹಸಿರು ಪಟ್ಟಿಯ ಹೊಲಿಗೆ ಬಿಚ್ಚಿ, ಟ್ರಂಕಿನಲ್ಲಿ ಉಳಿದಿದ್ದ ಭಾಗವನ್ನು ಮಾದೇವಮ್ಮನಿಂದಲೇ ಕೇಳಿ ಪಡೆದು, ಎರಡನ್ನೂ ಕೂಡಿಸಿ ಹೊಲಿದೆ. ಹೊಟ್ಟೆಯ ಆಪರೇಷನ್ ಆದವನ ಗಾಯದಂತೆ ಬಟ್ಟೆಗೆ ಅಡ್ಡಲಾಗಿ ಗೆರೆ ಬಿತ್ತು. ತಂದು ಅವಳ ಮುಂದಿಟ್ಟೆ. ಅವಳು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, “ನೆಟ್ಟಗೇ ಹೊಲ್ದಿದ್ದೀರಿ” ಎಂದಳು. ಹಳೇ ಪಂಚೆಯ ತುಂಡಿನಲ್ಲೇ ಸುತ್ತಿ ಟ್ರಂಕಿಗಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಮುಂಭಾಗದಲ್ಲಿ ಬಾಯಿ ಬಿಟ್ಟುಕೊಂಡು ಮೆಷಿನ್ನಿನ ಮೇಲೆ ಬಿದ್ದಿದ್ದ ಲಂಗವನ್ನು ನೋಡಿದಳು. “ಮಗೀನ್ ಲಂಗ ಹಿಂಗ್ ಮಾಡ್ಬುಟ್ರಾ? ಅವಳು ಕೇಳಿದ್ರೆ ಏನ್ ಕೊಡ್ತೀರಿ? ನಾನೇನು ಇದನ್ನ ಬಿಚ್ಚಿ ಅಂದಿದ್ನಾ?” ಎಂದಳು. ಆವತ್ತು ಮಾತ್ರ ನಿಜವಾಗಿ ಬೈದಳು. ನನಗೆ ಸ್ವಲ್ಪ ಸಮಾಧಾನವಾಯಿತು.

ಖಾಲಿ ಜಾಗಕ್ಕೆ ಬಟ್ಟೆ ಬೇಕು. ಅವಳ ಟ್ರಂಕನ್ನು ಕೇಳುವ ಮುಖ ನನಗಿರಲಿಲ್ಲ. ನನ್ನದೂ ಒಂದು ಪೆಟ್ಟಿಗೆಯಿತ್ತು. ಅದರಲ್ಲಿ ಕೊನೆಯ ದಿನ ಡ್ಯೂಟಿಗೆ ತೊಟ್ಟಿದ್ದ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದೆ. ಆಮೇಲೆ ಒಂದು ಸಲವೂ ತೊಟ್ಟಿರಲಿಲ್ಲ. ತೊಡದ ಬಟ್ಟೆ ಬೇಡವಾದ ಬಟ್ಟೆ ಎಂದು ತರ್ಕ ಮಾಡಿದವನು ನಾನೇ ಅಲ್ಲವೇ? ಮೇಜಿನ ಮೇಲೆ ಹರಡಿ ರಟ್ಟಿನ ಮಾದರಿ ಇಟ್ಟೆ. ಕತ್ತರಿ ತೆಗೆದುಕೊಂಡೆ. ಕೆಳಗಿಟ್ಟೆ. ನೀರು ಕುಡಿದು ಬಂದು ಮತ್ತೆ ತೆಗೆದುಕೊಂಡೆ. ಹನ್ನೆರಡು ಹೆಂಗಸರ ಕಣವನ್ನು ಯೋಚಿಸದೆ ಕತ್ತರಿಸಿದವನಿಗೆ, ಒಂದು ಹಳೇ ಖಾಕಿ ಅಂಗಿಗೆ ಕತ್ತರಿ ಹಾಕಲು ಇಡೀ ಬೆಳಗು ಸಾಲಲಿಲ್ಲ.

ಕೊನೆಗೆ ಕತ್ತರಿಸಿದೆ. ಖಾಕಿ ಪಟ್ಟಿ ಸೇರಿಸಿದ ಲಂಗವನ್ನು ಮಾದೇವಮ್ಮ ಕೈಗೆತ್ತಿಕೊಂಡಳು. “ನಿಮ್ಮ ಡ್ಯೂಟಿ ಅಂಗಿನಾ?” ಎಂದಷ್ಟೇ ಕೇಳಿ, ಒಳಗೆ ಹೋಗಿ ಕಾಫಿ ಮಾಡಿ ತಂದಳು, ಕೇಳದೆ ತಂದಳು. ಅವಳ ಕಣ್ಣಲ್ಲಿದ್ದ ಮರ್ಯಾದೆಯನ್ನು ಬೇಡ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ತಪ್ಪೊಪ್ಪಿಗೆ ಎಂದು ಬರೆಯಲು ಕೂತಿರುವುದರಿಂದ ಮಿಕ್ಕದ್ದನ್ನೂ ಹೇಳಿಬಿಡಬೇಕು. ನಾನು ಕತ್ತರಿಸಿದ್ದು ಅಂಗಿಯ ಕೆಳಭಾಗವನ್ನು, ಪ್ಯಾಂಟಿನೊಳಗೆ ಸೇರಿಸುವಷ್ಟನ್ನು ಮಾತ್ರ. ಹಿಂದಿನಿಂದೊಂದು ತುಂಡು, ಮುಂದಿನಿಂದೊಂದು ತುಂಡು ತೆಗೆದು ಕೂಡಿಸಿ ಒಂದು ಪಟ್ಟಿ ಮಾಡಿದೆ. ಜೇಬು, ತೋಳು, ಗುಂಡಿ ಎಲ್ಲ ಹಾಗೇ ಇವೆ. ಮಾದೇವಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ಒಂದು ಸಲ ತೊಟ್ಟು, ಕೆಳಭಾಗವನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡು ಕನ್ನಡಿ ನೋಡಿದೆ. ಏನೂ ಗೊತ್ತಾಗುವುದಿಲ್ಲ.